ಬೋರಲು ಹಾಕಿದ ಗಡಿಗೆ

ನಿನ್ನೆ ಮಧ್ಯಾಹ್ನ ಅಂಗಡಿಯಿಂದ ತಂದ ನವಣೆಯ ಪೊಟ್ಟಣದ ಮೂಲೆ ಕತ್ತರಿಸಿದೆ. ಈಗ ಇದಕ್ಕೆ ಸಿರಿಧಾನ್ಯವೆಂದು ದೊಡ್ಡ ಹೆಸರು ಬಂದಿದೆ, ಡಾಕ್ಟರು ಗುಳಿಗೆಯ ಜೊತೆಗೆ ಇದನ್ನೂ ಚೀಟಿಯಲ್ಲಿ ಬರೆದುಕೊಡುತ್ತಾರೆ. ಪೊಟ್ಟಣದೊಳಗಿಂದ ಒಣಹುಲ್ಲಿನ, ಬಿಸಿಲಿಗೆ ಕಾದ ಹೊಲದ ವಾಸನೆ ಎದ್ದು ಬಂತು. ಕತ್ತರಿ ಹಿಡಿದ ಕೈ ಅಲ್ಲಿಯೇ ನಿಂತಿತು. ನೀವೂ ಬಲ್ಲಿರಿ, ವಾಸನೆಗೆ ವಯಸ್ಸು ಗೊತ್ತಾಗುವುದಿಲ್ಲ. ಎಪ್ಪತ್ತು ದಾಟಿದವಳನ್ನು ಹಿಡಿದು ಇಪ್ಪತ್ತನಾಲ್ಕಕ್ಕೆ ಕೂಡಿಸಿಬಿಡುತ್ತದೆ.

ಆ ಹೊತ್ತಿಗೆ ಅಡುಗೆಕಟ್ಟೆಯ ಮೇಲೆ ಇನ್ನೆರಡು ವಸ್ತುಗಳು ನನಗಾಗಿ ಕಾದಿದ್ದವು. ಒಂದು, ಬೆಟಗೇರಿಯ ಚರ್ಚಿನ ತರುಣ ಸಭಾಪಾಲಕರು ಬರೆದ ಪತ್ರ. ಅವರಲ್ಲಿ ಕೂಡಿ ಆರಾಧಿಸುವ ಜನಕ್ಕೆ ಸಭೆ ಎನ್ನುತ್ತಾರೆ. "ತಾವು ನಮ್ಮ ಓಣಿಯಲ್ಲಿ ಆರು ವರ್ಷ ಇದ್ದವರು. ಒಳ್ಳೆಯ ಸಭೆ ಎಂದರೆ ಯಾವುದು ಎಂಬುದರ ಬಗ್ಗೆ ನಮ್ಮ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕು" ಎಂದಿದ್ದರು. ಒಂದು ವಾರದಿಂದ ಕುಳಿತು ಪ್ರೀತಿ, ಸೇವೆ, ಐಕ್ಯ ಎಂದು ಮೂರು ಶಬ್ದ ಬರೆದು, ಮೂರನ್ನೂ ಹೊಡೆದುಹಾಕಿದ್ದೆ. ಜೀವಮಾನವಿಡೀ ಮಕ್ಕಳಿಂದ ನಿಬಂಧ ಬರೆಸಿದವಳ ಗತಿ ಇದು! ಇನ್ನೊಂದು ವಸ್ತು, ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳ ಸ್ಟೀಲ್ ಡಬ್ಬಿ, ತೊಳೆದು ಒರೆಸಿ ಇಟ್ಟದ್ದು. ಅದರ ವಿಷಯ ಆಮೇಲೆ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿಯಾಯಿತು. ಲಕ್ಷ್ಮೇಶ್ವರದ ನಮ್ಮ ಮನೆತನದ್ದು ತಲೆತಲಾಂತರದಿಂದ ಗುಡಿಯ ಪೂಜೆ. ಶಾಲೆಗೆ ಹತ್ತಿರವಾಗಿ, ಒಬ್ಬಂಟಿ ಹುಡುಗಿಗೆ ಕೋಣೆ ಕೊಡುವವರು ಸಿಕ್ಕದ್ದು ಚರ್ಚಿನ ಓಣಿಯಲ್ಲಿ ಮಾತ್ರ. ಅಪ್ಪ ಬಂದು ನೋಡಿದರು, ಬಾಗಿಲಲ್ಲಿಯೇ ನಿಂತು ಬಹಳ ಹೊತ್ತು ಯೋಚಿಸಿದರು.

"ಇರೋದಿದ್ರ ಇರು. ಆದ್ರ ಒಲಿ ಬ್ಯಾರೆ, ಕೊಡ ಬ್ಯಾರೆ. ಅವರ ಮನಿ ತುತ್ತು ಬಾಯಾಗ ಹಾಕಬ್ಯಾಡ. ಇಷ್ಟ ನಡಿಸಿದ್ರ ಸಾಕು."

ನಡೆಸಿದೆ. ನನ್ನ ಸೀಮೆಎಣ್ಣೆಯ ಸ್ಟೋವಿನ ಮೇಲೆ ಅರ್ಧ ಬೆಂದ, ಅರ್ಧ ಸೀದ ಅನ್ನವನ್ನು ಮಡಿಯಿಂದ ಉಂಡೆ. ಗೋಡೆಯಾಚೆ ಮಾರ್ಥಕ್ಕ ಬದನೆಕಾಯಿ ಎಣಗಾಯಿ ಮಾಡಿದ ದಿನ ಕಿಟಕಿ ಮುಚ್ಚಿಕೊಂಡು ಉಂಡೆ. ನನ್ನ ಧರ್ಮ ಉಳಿಯಿತೋ ಇಲ್ಲವೋ, ತೂಕವಂತೂ ಉಳಿಯಲಿಲ್ಲ.

ಮಾರ್ಥಕ್ಕ ಮನೆಯ ಒಡತಿ. ಐವತ್ತರ ಆಸುಪಾಸಿನ ವಿಧವೆ, ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಆ ಓಣಿಯ ಮಧ್ಯಾಹ್ನಗಳನ್ನು ನಿಮಗೆ ಹೇಗೆ ತೋರಿಸಲಿ? ಮನೆಮನೆಯ ಮಗ್ಗ ಖಟಕ್ ಖಟಕ್ ಎನ್ನುತ್ತಿರುತ್ತಿತ್ತು, ಮಾರ್ಥಕ್ಕನ ರಾಟೆ ಗುಂಯ್ ಎಂದು ಅದಕ್ಕೆ ಶ್ರುತಿ ಹಿಡಿಯುತ್ತಿತ್ತು, ಬಿಸಿಲಲ್ಲಿ ಒಣಹಾಕಿದ ಬಣ್ಣದ ನೂಲಿನ ನೆರಳು ಅಂಗಳದಲ್ಲಿ ತೂಗುತ್ತಿತ್ತು. ಶಾಲೆ ಬಿಟ್ಟು ಬಂದು ಹೊಸ್ತಿಲ ಮೇಲೆ ಕುಳಿತರೆ ಎಚ್ಚರವೋ ನಿದ್ದೆಯೋ ತಿಳಿಯದಂಥ ಒಂದು ಮಂಪರು. ರವಿವಾರ ಮಾತ್ರ ಮಗ್ಗಗಳೆಲ್ಲ ಒಮ್ಮೆಲೆ ಸುಮ್ಮನಾಗುತ್ತಿದ್ದವು. ಆ ಮೌನಕ್ಕೇ ನನಗೆ ಎಚ್ಚರವಾಗುತ್ತಿತ್ತು, ಚರ್ಚಿನ ಗಂಟೆ ಆಮೇಲೆ ಬಾರಿಸುತ್ತಿತ್ತು.

ಆ ಸಭೆಯ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಒಲೆ ಹಚ್ಚುವ ಮೊದಲು ಒಂದು ಹಿಡಿ ಕಾಳು, ಅಕ್ಕಿಯೋ ಜೋಳವೋ, ಕಟ್ಟೆಯ ಮೇಲಿನ ಸಣ್ಣ ಗಡಿಗೆಗೆ ಹಾಕಬೇಕು. ರವಿವಾರ ಮೊದಲ ಗಂಟೆಗೂ ಎರಡನೆಯ ಗಂಟೆಗೂ ನಡುವೆ ಮುದುಕ ಅಯ್ನೋರು, ಅಂದರೆ ಅವರ ಪಾದ್ರಿಗಳು, ಹೆಗಲಿಗೆ ಚೀಲ ಹಾಕಿಕೊಂಡು ಬಂದು ಎಲ್ಲ ಗಡಿಗೆಗಳನ್ನೂ ಅದೇ ಚೀಲಕ್ಕೆ ಸುರಿದುಕೊಳ್ಳುತ್ತಿದ್ದರು. ಆ ವಾರ ಯಾರ ಮನೆಯಲ್ಲಿ ಕಷ್ಟವೋ ಅವರ ಮನೆಗೆ ಆ ಚೀಲ. ಎಲ್ಲ ಕಾಳೂ ಕಲಬೆರಕೆಯಾದ್ದರಿಂದ ಯಾರದು ಎಷ್ಟು ಎಂಬುದು ದೇವರಿಗೇ ಗೊತ್ತು. ಹಾಕಲು ಆಗದವರು ಗಡಿಗೆಯನ್ನು ಬೋರಲು, ಓಣಿಯವರ ಮಾತಿನಲ್ಲಿ ಡಬ್ಬ, ಹಾಕಿಡುತ್ತಿದ್ದರು. ಅಯ್ನೋರು ಅದನ್ನು ನೋಡಿ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗುವರು. ಯಾಕೆ ಎಂದು ಯಾರೂ ಕೇಳುವ ಹಾಗಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಕರ್ತನ ಭೋಜನದ ದಿನ ಎಲ್ಲರೂ ಎದ್ದುಹೋಗಿ ಒಂದೇ ರೊಟ್ಟಿಯ ತುಣುಕು ತಿಂದು, ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುತ್ತಿದ್ದರು. ಆದರೆ ಸಭೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟವರು ಎದ್ದುಹೋಗುವಂತಿಲ್ಲ. ತಡೆಯುವವರು ಯಾರೂ ಇರಲಿಲ್ಲ, ತಾವಾಗಿಯೇ ಕುಳಿತುಬಿಡಬೇಕು. ಮಾರ್ಥಕ್ಕ ನಾಲ್ಕು ವರ್ಷದಿಂದ ಹಾಗೆ ಕುಳಿತಿದ್ದಳು. ಅವಳಿಗಿಂತ ಮೂರು ಬೆಂಚು ಹಿಂದೆ ಸಾರವ್ವನೂ ಕುಳಿತಿದ್ದಳು.

ಇಬ್ಬರೂ ಹೊಸ ಸೊಸೆಯರಾಗಿ ಓಣಿಗೆ ಬಂದ ಕಾಲದ ಗೆಳತಿಯರು. ಸಾರವ್ವನ ಮಗಳನ್ನು ಮಾರ್ಥಕ್ಕನ ಮಗನಿಗೆ ಕೊಡುವುದೆಂದು ಮಾತಾಗಿ, ಸೀರೆ ತಂದ ಮೇಲೆ ಸಾರವ್ವನ ಮನೆಯವರು ಹಿಂದೆಗೆದು ಹುಡುಗಿಯನ್ನು ಬೆಳಗಾವಿಗೆ ಕೊಟ್ಟುಬಿಟ್ಟರು. ಮಗ ಅದನ್ನು ಎಂದೋ ಮರೆತು ಬೇರೆ ಮದುವೆಯಾಗಿದ್ದ. ತಾಯಿ ಮರೆತಿರಲಿಲ್ಲ.

"ರೊಟ್ಟಿ ನೆನಪಾಗ್ತದ ನೋಡ್ರಿ ಅಕ್ಕೋರ," ಎಂದಿದ್ದಳು ಒಮ್ಮೆ, ರಾಟೆ ನಿಲ್ಲಿಸಿ. "ಇಷ್ಟ ಸಣ್ಣ ತುಣುಕು, ಹೊಟ್ಟಿ ತುಂಬೂದಲ್ಲ ಏನಲ್ಲ. ಆದ್ರ ಎಲ್ಲಾರೂ ಎದ್ದು ಹೋದಾಗ ಬೆಂಚ್ ಭಾಳ ಉದ್ದ ಆಗಿಬಿಡ್ತದ."

"ಹೋಗಿ ಮಾತಾಡ್ಸಬಾರದ ಮತ್ತ?"

"ಆಕಿ ಬರಲಿ. ಮಾತು ಮುರದಾಕಿ ಆಕಿ."

ನಾನು ಅಯ್ನೋರಿಗೂ ಒಮ್ಮೆ ಕೇಳಿದ್ದೆ, ನೀವಾದರೂ ಹೇಳಬಾರದೇ ಎಂದು. ಅವರು ಚೀಲ ಹೆಗಲಿಗೇರಿಸಿಕೊಳ್ಳುತ್ತ ನಕ್ಕರು. "ನಾ ಹೇಳಿದ್ರ ಇಬ್ರೂ ನನ್ನ ಸಲುವಾಗಿ ಕೈ ಹಿಡೀತಾರವಾ. ಅದು ಎಷ್ಟ ದಿನ ಬಾಳೀತು?"

ಆ ವರ್ಷ ಈಸ್ಟರ್ ಹಬ್ಬಕ್ಕೆ ಎರಡು ವಾರವಿರುವಾಗ ಸಾರವ್ವನ ಗಂಡ ಮಗ್ಗದ ಕುಣಿಯಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡ. ಮಗ್ಗ ನಿಂತಿತು. ಬರುವ ಗರಿಗಳ ರವಿವಾರ, ಅಂದರೆ ಹಬ್ಬದ ಹಿಂದಿನ ರವಿವಾರ, ಚೀಲ ಯಾರ ಮನೆಗೆಂದು ಇಡೀ ಓಣಿಗೆ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ, ಪರೀಕ್ಷೆಯ ಪೇಪರುಗಳಲ್ಲಿ ಮುಳುಗಿದ್ದೆ.

ಶನಿವಾರ ನೋಡುತ್ತೇನೆ, ಮಾರ್ಥಕ್ಕನ ಗಡಿಗೆ ಬೋರಲು ಬಿದ್ದಿದೆ. ಪಾಪ, ಮನೆಯಲ್ಲಿ ಕಾಳಿಲ್ಲ, ಅಭಿಮಾನದ ಹೆಂಗಸು, ಬಾಯಿ ಬಿಟ್ಟು ಹೇಳುವವಳಲ್ಲ ಎಂದುಕೊಂಡೆ. ನನ್ನ ಜೋಳದ ಡಬ್ಬಿಯೂ ಬರಿದಾಗಿತ್ತು. ಮುಂಡರಗಿಗೆ ಕೊಟ್ಟ ನಮ್ಮಕ್ಕ ಕಳಿಸಿದ ನವಣೆ ಮಾತ್ರ ಇತ್ತು, ಕುಟ್ಟಿ ಹಸನು ಮಾಡಿದ್ದು. ರವಿವಾರ ಬೆಳಿಗ್ಗೆ ಮಾರ್ಥಕ್ಕ ಚರ್ಚಿನ ಕಸ ಗುಡಿಸಲು ಹೋದೊಡನೆ ಗಡಿಗೆಯನ್ನು ನೆಟ್ಟಗೆ ಮಾಡಿ, ಏಳು ದಿನಕ್ಕೆ ಏಳು ಹಿಡಿ ಎಣಿಸಿ ಹಾಕಿದೆ. ಅಯ್ನೋರು ಬಂದರು, ಗಡಿಗೆಯೊಳಗೆ ಇಣುಕಿದರು, ಒಂದು ಗಳಿಗೆ ನಿಂತರು, ಸುರಿದುಕೊಂಡು ಹೋದರು. ನನಗೋ ಪುಣ್ಯ ಮಾಡಿದ ಹೆಮ್ಮೆ. ಖಾಲಿ ಗಡಿಗೆಯನ್ನು ಮತ್ತೆ ಬೋರಲು ಹಾಕಿ ಪೇಪರು ತಿದ್ದಲು ಕುಳಿತೆ.

ಸೋಮವಾರ ಮಧ್ಯಾಹ್ನ ಅಂಗಳದಲ್ಲಿ ಒಂದು ನೆರಳು ಬಂದು ನಿಂತಿತು. ಸಾರವ್ವ. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಕಲಬೆರಕೆ ಕಾಳಿನಿಂದ ಬೇರೆ ಮಾಡಿದ ಒಂದಿಷ್ಟು ನವಣೆ. ನಾಲ್ಕು ವರ್ಷದ ಮೇಲೆ ಆ ಹೊಸ್ತಿಲಿಗೆ ಬಂದಿದ್ದಳು. ಮಾರ್ಥಕ್ಕನ ರಾಟೆ ತಾನಾಗಿಯೇ ನಿಂತಿತು.

"ಮಾರ್ಥಾ, ಈ ಓಣ್ಯಾಗ ನವಣಿ ಉಣ್ಣಾವ್ರು ಯಾರದಾರ?" ಕೇಳಿದಳು ಸಾರವ್ವ. "ನಿಮ್ಮ ಸಿಂಗಟಾಲೂರಿಂದ ನಿಮ್ಮವ್ವ ಕಳಸ್ತಿದ್ಲು. ನಂಗ ಸೇರ್ತದಂತ ನೀ ಹುಗ್ಗಿ ಮಾಡಿ ಸೆರಗಿನ್ಯಾಗ ಮುಚ್ಚಿ ತರ್ತಿದ್ದಿ. ಇದು ನಿನಗ ಬಿಟ್ರ ಯಾರಿಗೂ ಗೊತ್ತಿಲ್ಲ. ಅದಕ್ಕ ಬಂದೆ. ನಂದ ತಪ್ಪು ಐತಿ."

ಗೋಡೆಯಾಚೆ ನಾನು ಪೇಪರು ಬದಿಗಿಟ್ಟು ಕಿವಿಗೊಟ್ಟೆ. ಮಾರ್ಥಕ್ಕ ಒಂದೇ ಒಂದು ಸಲ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿ ಎಂದು ನಮ್ಮ ಗುಡಿಯ ದೇವರಿಗೆ ನಾನೂ ಹರಕೆ ಹೊತ್ತೆ. ಮುಂದಿನ ರವಿವಾರವೇ ಹಬ್ಬ, ಕರ್ತನ ಭೋಜನದ ದಿನ. ನಾಲ್ಕು ವರ್ಷ ತಪ್ಪಿದ ರೊಟ್ಟಿ ತಾನಾಗಿ ಬಾಗಿಲಿಗೆ ಬಂದಿತ್ತು.

ಆಮೇಲೆ ಮಾರ್ಥಕ್ಕನ ಮಾತು ಕೇಳಿಸಿತು.

"ಸಾರಾ, ಖರೆ ಹೇಳತೇನಿ. ಈ ನವಣಿ ನಾ ಹಾಕಿಲ್ಲ. ಚೀಲ ನಿಮ್ಮನಿಗಿ ಹೋಗ್ತೈತಂತ ಗೊತ್ತಾಗಿ ನನ್ನ ಗಡಿಗಿ ಡಬ್ಬ ಹಾಕಿದ್ದೆ. ಮನ್ಯಾಗ ಜ್ವಾಳ ಇತ್ತು. ನಿನಗ ಹೋಗಬಾರದಂತ ಹಾಕಲಿಲ್ಲ."

ಸಾರವ್ವ ತಟ್ಟೆಯನ್ನು ಎತ್ತಿಕೊಂಡು ಹೋಗಿಬಿಟ್ಟಳು. ಮಾರ್ಥಕ್ಕ ಗೋಡೆಗೆ ಒರಗಿ ಅತ್ತಳು. ನಾನು ಎದ್ದು ಹೋಗಿ, ಅದು ನನ್ನ ನವಣೆ, ಕೆಡಿಸಿದವಳು ನಾನು ಎನ್ನಬೇಕಿತ್ತು. ಎನ್ನಲಿಲ್ಲ. ಕೆಂಪು ಮಸಿಯ ಪೆನ್ನು ಹಿಡಿದು, ಯಾರದೋ ಮಗುವಿನ ತಪ್ಪು ಹುಡುಕುತ್ತ ಕುಳಿತೆ.

ಆ ವಾರ ಓಣಿಯೆಲ್ಲ ಮೆಲ್ಲಗೆ ಮಾತಾಡುತ್ತಿದ್ದಂತೆ ನೆನಪು. ಹಬ್ಬದ ಮುಂಚಿನ ದುಃಖದ ವಾರ ಅದು. ಶುಕ್ರವಾರ ಗಂಟೆ ಕೂಡ ಒಂದೊಂದೇ ಏಟು, ನಿಧಾನವಾಗಿ. ಮಾರ್ಥಕ್ಕ ದಿನಾ ಗಡಿಗೆಗೆ ಒಂದು ಹಿಡಿಯ ಬದಲು ಎರಡು ಹಿಡಿ ಹಾಕುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ, ಅಥವಾ ನಾನು ಅವಳದನ್ನು ನೋಡುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಅದೇ ನೆರಳು. ಈ ಸಲ ಸಾರವ್ವನ ಸೆರಗಿನ ಕೆಳಗೆ ಒಂದು ಪಾತ್ರೆ ಇತ್ತು. ಬೆಲ್ಲ ಹಾಕಿದ ನವಣೆ ಹುಗ್ಗಿಯ ವಾಸನೆ ನನ್ನ ಕೋಣೆಯವರೆಗೆ ಬಂತು.

"ನೀ ಹೂಂ ಅಂದಿದ್ರ ಖುಷಿಯಿಂದ ಮನಿಗಿ ಹೋಗ್ತಿದ್ದೆ," ಎಂದಳು ಸಾರವ್ವ. "ಆದ್ರ ನಾವು ಮಾತು ಬಿಟ್ಟ ವರ್ಷ ನಿನ್ನ ಗಂಡ ಜ್ವರದಾಗ ಮಲಗಿದ್ದಾಗ ಚೀಲ ಇಲ್ಲಿಗಿ ಬಂದಿತ್ತಲ್ಲ, ಆ ವಾರ ನಂದೂ ಗಡಿಗಿ ಡಬ್ಬ ಇತ್ತು ಮಾರ್ಥಾ. ನೀ ಖರೆ ಹೇಳಿದ ಮ್ಯಾಲ ಐದ ದಿನ ನಿದ್ದಿ ಹತ್ತಲಿಲ್ಲ. ನಂದೂ ಹೇಳಾಕ ಬಂದೇನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಅತ್ತರೋ ನಕ್ಕರೋ, ಈಗ ಸರಿಯಾಗಿ ನೆನಪಿಲ್ಲ. ಆಮೇಲೆ ಸಾರವ್ವ ಕೇಳಿದಳು, "ಹಂಗಾದ್ರ ನವಣಿ ಹಾಕಿದಾವ್ರ ಯಾರು?"

ಈ ಸಲವಾದರೂ ಎದ್ದೆ. ಬಾಗಿಲಲ್ಲಿ ನಿಂತು, "ನಾನ್ರಿ. ಕಾಳು ತೀರ್ಯಾವ ಅಂತ ತಿಳಕೊಂಡೆ," ಎಂದೆ.

ಮಾರ್ಥಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ನವಣಿ ಊರೆಲ್ಲಾ ತಿರುಗಿ ನಿಮ್ಮ ಕಡೀಗೇ ಬಂತ ನೋಡ್ರಿ. ಬರ್ರಿ ಅಕ್ಕೋರ, ಕುಂಡ್ರಿ," ಎಂದು ಮೂರು ಬಟ್ಟಲಿಗೆ ಹುಗ್ಗಿ ಹಾಕಿದಳು.

ಕುಳಿತೆ. ಬಟ್ಟಲು ಮುಂದೆ ಬಂತು. ನನ್ನ ಕಾಳು ಅವರ ಗಡಿಗೆಗೆ ಹೋಗುವಾಗ ನನಗೆ ಯಾವ ಮಡಿಯೂ ಅಡ್ಡ ಬಂದಿರಲಿಲ್ಲ. ಅದೇ ಕಾಳು ಅವರ ಕೈಯಿಂದ ತಿರುಗಿ ಬಂದಾಗ ಬಟ್ಟಲು ಮುಟ್ಟದೆ ಕುಳಿತೆ. ಕೊಡುವಾಗ ನಾನು ಮೇಲಿದ್ದೆ, ಅದು ಹಾಯಾಗಿತ್ತು. ತಿನ್ನಬೇಕಾದರೆ ಕೆಳಗಿಳಿದು ಅವರ ಪಕ್ಕದಲ್ಲಿ ಕೂಡಬೇಕು. ಅಪ್ಪನ ಮುಖ ಕಣ್ಣೆದುರು ಬಂತು. ಇಬ್ಬರು ಹೆಂಗಸರೂ ಸುಮ್ಮನೆ ತಮ್ಮ ಬಟ್ಟಲು ನೋಡುತ್ತ ಕುಳಿತಿದ್ದರು. ಬೋರಲು ಹಾಕಿದ ಗಡಿಗೆಯ ಎದುರು ಅಯ್ನೋರು ನಿಲ್ಲುತ್ತಿದ್ದರಲ್ಲ, ಹಾಗೆ. ತಿನ್ನಿರಿ ಎನ್ನಲಿಲ್ಲ, ಬಿಡಿರಿ ಎನ್ನಲೂ ಇಲ್ಲ. ನಾನು ತಿಂದೆ. ಬೆಲ್ಲ ಒಂಚೂರು ಹೆಚ್ಚಾಗಿತ್ತು.

ಮರುದಿನ ಮೊದಲ ಸಲ ಚರ್ಚಿನೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ರೊಟ್ಟಿಯ ಹೊತ್ತಿಗೆ ಮಾರ್ಥಕ್ಕ ಎದ್ದಳು, ಮುಂದೆ ಹೋಗದೆ ಹಿಂದಕ್ಕೆ ಮೂರು ಬೆಂಚು ಬಂದಳು, ಸಾರವ್ವನನ್ನು ಕರೆದುಕೊಂಡು ಹೋದಳು. ಸಭೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ನೋಡದೆ ಇರಲು ಅವರೆಲ್ಲ ಎಷ್ಟು ಕಷ್ಟಪಡುತ್ತಿದ್ದರೆಂಬುದು ಹಿಂದೆ ಕುಳಿತ ನನಗೆ ಬೆನ್ನುಗಳಲ್ಲೇ ಕಾಣುತ್ತಿತ್ತು. ಆ ಇಬ್ಬರೂ ಈಗಿಲ್ಲ, ಅಯ್ನೋರೂ ಇಲ್ಲ. ತರುಣ ಸಭಾಪಾಲಕರು ಕೇಳಿದ ನಾಲ್ಕು ಮಾತಿಗೆ ನನ್ನ ಬಳಿ ಇರುವುದು ಇಷ್ಟೇ.

ಇನ್ನು ಆ ಡಬ್ಬಿಯ ಮಾತು. ನಾಲ್ಕು ದಿನದ ಹಿಂದೆ ಕೆಳಗಿನ ಮನೆಯ ಹುಡುಗಿ ಅದರಲ್ಲಿ ಶೇಂಗಾ ಹೋಳಿಗೆ ತಂದುಕೊಟ್ಟಿದ್ದಳು. ಅವರ ಬಾಗಿಲ ಮೇಲಿನ ಹೆಸರು ಓದಿ, ಯಾವ ಜನವೋ ಏನೋ ಎಂದುಕೊಂಡು, ಹೋಳಿಗೆಯನ್ನು ಆಕಳಿಗೆ ಹಾಕಿದ್ದೆ. ಹೌದು, ಆ ಬಟ್ಟಲಿನ ಹುಗ್ಗಿ ತಿಂದ ಇದೇ ನಾನು. ವಯಸ್ಸಾದ ಹಾಗೆ ಬಿಟ್ಟುಹೋದ ಕೆಮ್ಮು ಮರಳುವಂತೆ ಇದೂ ಮರಳಿತ್ತು. ಮೆಟ್ಟಿಲಲ್ಲಿ ಸಿಕ್ಕ ಹುಡುಗಿ "ಹೆಂಗಾಗಿತ್ರಿ ಅಜ್ಜಿ?" ಎಂದಾಗ, "ಭಾಳ ರುಚಿ ಆಗಿತ್ತವಾ" ಎಂದು ನಕ್ಕಿದ್ದೆ.

ನಿನ್ನೆ ಸಂಜೆ ನವಣೆ ಹುಗ್ಗಿ ಮಾಡಿ ಆ ಡಬ್ಬಿಗೆ ತುಂಬಿದೆ. ಸುಮ್ಮನೆ ಕೊಟ್ಟು ಬರಬಹುದಿತ್ತು, ಕೊಡುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ. ಆದರೆ ಬಾಗಿಲು ತೆರೆದೊಡನೆ ಹೇಳಿದೆ: "ಖರೆ ಹೇಳತೇನವಾ, ನಿನ್ನ ಹೋಳಿಗಿ ನಾ ತಿಂದಿಲ್ಲ. ಆಕಳಿಗಿ ಹಾಕೀನಿ. ರುಚಿ ಆಗಿತ್ತಂತ ಸುಳ್ಳ ಹೇಳಿದೆ."

ಹುಡುಗಿಯ ಮುಖ ಸಣ್ಣದಾಯಿತು. ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೋಗಲೋ ನಿಲ್ಲಲೋ ತಿಳಿಯದೆ, ಮಾರ್ಥಕ್ಕನ ಆ ಉದ್ದನೆಯ ಬೆಂಚನ್ನು ನೆನೆಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಲೆ ಹಚ್ಚಿದ ಸದ್ದು, ಆಮೇಲೆ ಅವಳ ದನಿ.

"ಒಳಗ ಬರ್ರಿ ಅಜ್ಜಿ. ರೊಟ್ಟಿ ಬಡ್ಯಾಕತ್ತೀನಿ. ಈ ಸಲ ನನ್ನ ಮುಂದ ಕುಂತ ತಿನ್ನಬೇಕ್ ನೋಡ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಳಿತೆ.