ನನ್ನ ಹೊಟ್ಟೆಗೆ ಯಾರು ಸಾಲ ಕೊಡುತ್ತಾರೆ?

ಬೆಳಗಾವಿಯ ಡಾಕ್ಟರೊಬ್ಬರು ನನ್ನ ಹೊಟ್ಟೆಗೆ ನಾಲ್ಕು ಲಕ್ಷ ರೂಪಾಯಿ ಬೆಲೆ ಕಟ್ಟಿದರು.

ಅದೂ ಇಡೀ ಹೊಟ್ಟೆಗಲ್ಲ, ಕತ್ತರಿಸಿ ತೆಗೆಯುವ ಭಾಗಕ್ಕೆ. ಇಷ್ಟು ವರ್ಷ ನಾನೇ ಅನ್ನ ಹಾಕಿ ಸಾಕಿದ ಜಠರ. ಅದರ ಮುಕ್ಕಾಲು ಪಾಲನ್ನು ನಾನೇ ದುಡ್ಡು ಕೊಟ್ಟು ಅಲ್ಲೇ ಬಿಟ್ಟು ಬರಬೇಕು. ಇದು ಯಾವ ಊರಿನ ವ್ಯಾಪಾರ?

ನಡುವೆ ಕೆಲವು ವಾರ ಈ ಅಂಕಣ ಬರಲಿಲ್ಲ. ಫೋನ್ ಮಾಡಿ ಕೇಳಿದ ಓದುಗರಿಗೆ 'ಸ್ವಲ್ಪ ಆರಾಮಿಲ್ಲ' ಅಂದಿದ್ದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ತೂಕ ಇಳಿಸುವ ಆಪರೇಶನ್ ಮಾಡಿಸಿಕೊಂಡಿದ್ದೆ. (ಈ ಅಂಕಣದ ಮೇಲಿನ ಫೋಟೋದಲ್ಲಿ ಇರುವುದು ನನ್ನ ಮುಖ ಮಾತ್ರ. ಹಾಗಾಗಿ ಎದುರಿಗೆ ಸಿಕ್ಕ ಓದುಗರು 'ನೀವೇ ಅವರಾ?' ಅಂತ ಎರಡೆರಡು ಸಲ ಕೇಳುತ್ತಿದ್ದರು. ಅವರ ತಪ್ಪಲ್ಲ.)

ಶುರುವಾಗಿದ್ದು ಚಿಮ್ಮಡದ ರಸ್ತೆಯಲ್ಲಿ.

ಸಂಬಂಧಿಕರ ಮನೆಯ ಗೃಹಪ್ರವೇಶದ ಊಟ ಮುಗಿಸಿ, ಮಗಳು ಸ್ನೇಹಾಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಜಮಖಂಡಿಗೆ ವಾಪಸ್ ಬರುತ್ತಿದ್ದೆ. ಮಟಮಟ ಮಧ್ಯಾಹ್ನ. ರಸ್ತೆ ಖಾಲಿ. ಕಣ್ಣು ಬಿಟ್ಟಾಗ ನಾನು, ಸ್ಕೂಟಿ, ಮಗಳು ಮೂವರೂ ಕಬ್ಬಿನ ಗದ್ದೆಯಲ್ಲಿದ್ದೆವು. ಗಾಡಿ ಓಡಿಸುತ್ತಲೇ ನಿದ್ದೆ ಹೋಗಿದ್ದೆ. ನನಗೆ ತರಚಿದ ಗಾಯ. ಮಗಳ ಎಡಗೈ ಮುರಿದಿತ್ತು.

ಓಣಿಯವರು ದೃಷ್ಟಿ ಅಂದರು. ನಮ್ಮ ಮನೆಯ ಡಾಕ್ಟರು ಬೇರೆಯೇ ಕೇಳಿದರು. ಹಗಲಲ್ಲಿ ಕುಳಿತಲ್ಲೇ ತೂಕಡಿಕೆ ಬರುತ್ತದೆಯೇ? ಗೊರಕೆ ಜೋರೇ? ಎರಡಕ್ಕೂ ನನ್ನ ಗಂಡನೇ ಹೌದು ಅಂದರು, ನನಗೆ ಬಾಯಿ ತೆಗೆಯಲು ಬಿಡದೆ. ಟೆಸ್ಟ್ ಮಾಡಿಸಿದಾಗ ಗೊತ್ತಾಯಿತು. ಮಲಗಿದಾಗ ನನ್ನ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ರಾತ್ರಿ ನಾನು ನಿದ್ದೆ ಮಾಡುತ್ತಲೇ ಇರಲಿಲ್ಲ, ಬರೀ ಮಲಗುತ್ತಿದ್ದೆ. ಜೊತೆಗೆ ಇನ್ಸುಲಿನ್ ಏರಿಸಿದಷ್ಟೂ ಏರುವ ಶುಗರ್. ಎಲ್ಲದರ ಬೇರು ಒಂದೇ, ತೂಕ.

'ಊಟ ಕಡಿಮೆ ಮಾಡಬಾರದಿತ್ತೇ?' ಅಂತ ನೀವು ಕೇಳುತ್ತಿದ್ದೀರಿ. ಕೇಳಿ. ಎಲ್ಲರೂ ಕೇಳಿದ್ದಾರೆ. ಮೂರು ಸಲ ಇಳಿಸಿದ್ದೇನೆ, ಮೂರು ಸಲವೂ ಹೋದದ್ದು ಬಡ್ಡಿ ಸಮೇತ ವಾಪಸ್ ಬಂದಿದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ಖರ್ಚು ವಿವರಿಸಲೆಂದೇ ಒಬ್ಬ ಹುಡುಗಿ ಕುಳಿತಿರುತ್ತಾಳೆ. ಅವಳು 'ಸ್ಟೇಪ್ಲರಿನ ಚಾರ್ಜೇ ಹೆಚ್ಚು ಮೇಡಂ' ಅಂದಳು. ಉತ್ತರಪತ್ರಿಕೆಗೆ ಪಿನ್ನು ಹೊಡೆಯುವ ಸ್ಟೇಪ್ಲರ್ ಅಂದುಕೊಂಡೆ. (ನಾನು ಖಾಸಗಿ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ನನಗೆ ಗೊತ್ತಿರುವ ಸ್ಟೇಪ್ಲರ್ ಅದೊಂದೇ.) ಜಠರ ಕತ್ತರಿಸಿ ಅಂಚು ಹೊಲಿಯುವುದಕ್ಕೂ ಒಂದು ಸ್ಟೇಪ್ಲರ್ ಇದೆಯಂತೆ. ಅದು ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬರುವುದಿಲ್ಲವಂತೆ.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ಅಂದರು, "ಉಣ್ಣಾಕ ರೊಕ್ಕ ಕೊಡೂದು ಕೇಳೀನಿ. ಉಣದಂಗ ಮಾಡಾಕ ರೊಕ್ಕ ಕೊಡೂದು ಇದ ಮೊದಲ ಕೇಳಾಕತ್ತೇನಿ."

ನಾನು ಹಣ ಹುಡುಕಲು ಹೊರಟೆ.

ಮೊದಲು ಇನ್ಶೂರೆನ್ಸ್. ಪಾಲಿಸಿ ಮಾಡಿಸಿದ ಏಜೆಂಟರು 'ಕ್ಯಾಶ್‌ಲೆಸ್ ಆಗತೈತ್ರಿ, ಕೈಯಿಂದ ಒಂದ ರೂಪಾಯಿ ಕೊಡೂದಿಲ್ಲ' ಅಂತ ಧೈರ್ಯ ಕೊಟ್ಟರು. ಕಂಪನಿಗೆ ಫೋನ್ ಮಾಡಿದರೆ, ಚೆಂದ ಕಾಣಲು ಮಾಡಿಸುವ ಆಪರೇಶನ್‌ಗೆ ಹಣ ಇಲ್ಲ ಅಂತ ಹಿಂದಿಯಲ್ಲಿ ಉತ್ತರ ಬಂತು. ಚೆಂದಕ್ಕಲ್ಲ, ಉಸಿರಿಗೆ ಅಂದೆ. ಫೋನ್ ಬೇರೆಯವರಿಗೆ ಹೋಯಿತು. ಅವರು ವಿವರಿಸಿದರು. ಡಾಕ್ಟರು ಬರೆದುಕೊಡಬೇಕು, ತೂಕ ಎತ್ತರದ ಲೆಕ್ಕ ಅವರು ಹೇಳಿದ ಮಿತಿಗಿಂತ ಮೇಲಿರಬೇಕು, ಜೊತೆಗೆ ಶುಗರಿನಂಥ ಕಾಯಿಲೆ ಹತೋಟಿ ಮೀರಿರಬೇಕು. ನನ್ನಲ್ಲಿ ಎಲ್ಲವೂ ಇದ್ದವು. ಜೀವನದಲ್ಲಿ ಮೊದಲ ಸಲ ನನ್ನ ತೂಕ ಒಂದು ಅರ್ಹತೆಯಾಗಿ ಕಂಡಿತು. ಖುಷಿಪಡುವಷ್ಟರಲ್ಲಿ ಇನ್ನೊಂದು ಮಾತು ಬಂತು. ಪಾಲಿಸಿ ಇನ್ನೂ ಎಳೆಯದು. ಹಳೆಯ ಕಾಯಿಲೆಗಳಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕು.

ಕಾಯುತ್ತೇನೆ, ಸರಿ. ಅಲ್ಲಿಯವರೆಗೆ ಉಸಿರು ಕಾಯುತ್ತದೆಯೇ?

ಆಸ್ಪತ್ರೆಯಲ್ಲೇ ಕಂತಿನ ವ್ಯವಸ್ಥೆಯೂ ಇತ್ತು. ಬಡ್ಡಿ ಇಲ್ಲ ಅಂದಳು ಅದೇ ಹುಡುಗಿ. ಆದರೆ ಒಂದೇ ಸಲಕ್ಕೆ ಕಟ್ಟಿದರೆ ರಿಯಾಯಿತಿ, ಕಂತಿಗೆ ಅದು ಇಲ್ಲ. ಹಾಗಾದರೆ ಸಿಗದೇ ಹೋದ ರಿಯಾಯಿತಿಯೇ ಬಡ್ಡಿ ಅಲ್ಲವೇನಮ್ಮ ಅಂತ ಕೇಳಿದೆ. ಅವಳು ಕ್ಯಾಲ್ಕ್ಯುಲೇಟರ್ ಕೆಳಗಿಟ್ಟು, 'ಮೇಡಂ, ನೀವು ಮ್ಯಾಥ್ಸ್ ಲೆಕ್ಚರರಾ?' ಅಂದಳು.

ನಮ್ಮ ಮನೆಯವರದು ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಅವರು ಸದಸ್ಯರಾಗಿರುವ ಸಹಕಾರಿ ಸೊಸೈಟಿಯಲ್ಲಿ ಕೇಳೋಣ ಅಂತ ಹೋದರು. ವಾಪಸ್ ಬಂದವರು ಚಹಾ ಕುಡಿದರು, ಪೇಪರ್ ಮಡಚಿದರು, ಮತ್ತೆ ಬಿಚ್ಚಿದರು. ಏನಾಯಿತು ಅಂತ ಹೇಳಲೊಲ್ಲರು. ಒತ್ತಾಯ ಮಾಡಿದ ಮೇಲೆ ಹೊರಬಿತ್ತು. ದಪ್ಪ ಕರಗಿಸುವುದಕ್ಕೆ ಸಾಲ ಕೊಟ್ಟ ರೂಢಿ ಇಲ್ಲ, ಎಮ್ಮೆ ಸಾಲ ಅಂತ ಬರೆದರೆ ನಡೆಯುತ್ತದೆ ಅಂದರಂತೆ ಅಲ್ಲಿಯ ಮ್ಯಾನೇಜರು. ಪಾಪ, ಅವರು ಸಹಾಯ ಮಾಡಲೆಂದೇ ಹೇಳಿದ್ದು.

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಮನೆಯವರೂ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ, ಬಹಳ ಹೊತ್ತು.

ಉಳಿದದ್ದು ಭಿಶಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುವುದು, ಚೀಟಿಯಲ್ಲಿ ಹೆಸರು ಬಂದವರು ಅಷ್ಟನ್ನೂ ಎತ್ತುವುದು. ಬನಹಟ್ಟಿಯ ನಮ್ಮ ಹೆಂಗಸರ ಭಿಶಿಯನ್ನು ನಡೆಸುವವರು ಮಾದೇವಕ್ಕ. ಅಲ್ಲಿ ಒಂದು ಒಳ್ಳೆಯ ನಿಯಮವಿದೆ. ಯಾರ ಮನೆಯಲ್ಲಾದರೂ ಕಾಯಿಲೆ ಅಂತಾದರೆ ಚೀಟಿ ಎತ್ತುವುದಿಲ್ಲ, ಮೊದಲು ಅವರಿಗೇ ಕೊಡುತ್ತಾರೆ.

ಹೊರಡುವಾಗ ಮನೆಯವರು ಒಂದು ಬುದ್ಧಿ ಹೇಳಿಕೊಟ್ಟರು. "ಪಿತ್ತದ ಕಲ್ಲು ಅಂತ ಹೇಳು. ಕಲ್ಲಿಗಿ ಯಾರೂ ಏನೂ ಅನ್ನೂದಿಲ್ಲ."

ಹೌದಲ್ಲ! ಕಲ್ಲಿಗೆ ಎಷ್ಟು ಮರ್ಯಾದೆ. ಹೊಟ್ಟೆಯಲ್ಲಿ ಕಲ್ಲಾದವರಿಗೆ 'ನೀವೇ ಮಾಡಿಕೊಂಡದ್ದು' ಅಂತ ಯಾರೂ ಹೇಳುವುದಿಲ್ಲ.

ಮಾದೇವಕ್ಕನ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಒಂದಿಷ್ಟು ಗಟ್ಟಿಯಾಗಿ ಮಾತಾಡಬೇಕು, ಗುಟ್ಟಿನ ಮಾತಿಗೆ ಹೇಳಿಮಾಡಿಸಿದ ಜಾಗವಲ್ಲ. ನನಗಿಂತ ಮೊದಲೇ ಗಂಗವ್ವ ಈ ಸಲದ ಹಣ ತನಗೆ ಬೇಕು ಅಂತ ಕೇಳಿದ್ದಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀ ಕಟ್ಟಬೇಕಿತ್ತು. ಗಂಗವ್ವ ಮಗ್ಗದ ಮನೆಯಲ್ಲಿ ನೂಲು ಸುತ್ತುವವಳು. ನನಗೆ ಆಪರೇಶನ್ ಇದೆ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು.

ಗಂಗವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಜೀವದ ಮುಂದ ಫೀ ಏನ್ ದೊಡ್ಡದ್ರಿ? ಟೀಚರ ಮೊದಲ ತಗೊಳ್ಳಲಿ. ನಾ ಮುಂದಿನ ತಿಂಗಳ ನೋಡತೇನಿ."

ನಾಲಿಗೆಯ ತುದಿಗೆ ಬಂದಿದ್ದ ಕಲ್ಲು ಅಲ್ಲೇ ಸಿಕ್ಕಿಕೊಂಡಿತು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಟ್ಟೆ ಚಿಕ್ಕದು ಮಾಡುವುದು, ತೂಕ, ಶುಗರು, ಕಬ್ಬಿನ ಗದ್ದೆ, ಮಗಳ ಕೈ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಸಣ್ಣದಾಗಿ ಕೇಳತೊಡಗಿತು. ಒಬ್ಬರು, ಅಂದರೆ ಸಣ್ಣ ಆಗಾಕೇನ್ರಿ ಅಂತ ಕೇಳಿದರು. ಇನ್ನೊಬ್ಬರು ಬೆಳಿಗ್ಗೆದ್ದು ಜೀರಿಗೆ ನೀರು ಕುಡಿಯಲು ಹೇಳಿದರು. ಮತ್ತೊಬ್ಬರ ನಾದಿನಿ ಹುರುಳಿ ಸಾರಿನಲ್ಲೇ ಅರ್ಧ ಆಗಿದ್ದಳಂತೆ.

ಕೊನೆಗೆ ಮಾದೇವಕ್ಕ ಅಂದರು, "ತಪ್ಪ ತಿಳ್ಕೋಬ್ಯಾಡ್ರಿ ಟೀಚರ. ಇದಕ್ಕ ಬ್ಯಾನಿ ಅನ್ನಾಕ ಬರೂದಿಲ್ಲ. ನಾಳೆ ಯಾರರ ಹಲ್ಲ ನೆಟ್ಟಗ ಮಾಡಸ್ತೇನಿ ಅಂತ ಬಂದ್ರ ನಾ ಏನ್ ಹೇಳಲಿ?"

ಹಣ ಗಂಗವ್ವನಿಗೆ ಹೋಯಿತು. ಹೋಗಬೇಕಾದದ್ದೇ. ಆದರೂ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ? ಗಂಗವ್ವನ ಮೇಲೆ ಅಲ್ಲವೇ ಅಲ್ಲ. ಮಾದೇವಕ್ಕನ ಮೇಲೆ? ಅವರು ನಿಯಮ ಹೇಳಿದರು. ನಿಜ ಹೇಳಿದ ನನ್ನ ಮೇಲೆ? ಇದನ್ನು ಬರೆಯುವ ಹೊತ್ತಿಗಾದರೂ ಬಗೆಹರಿದೀತು ಅಂದುಕೊಂಡಿದ್ದೆ. ಬಗೆಹರಿದಿಲ್ಲ.

ಆಟೋ ಸ್ಟ್ಯಾಂಡಿನ ತನಕ ಬಂದಿರಲಿಲ್ಲ, ಹಿಂದಿನಿಂದ ಯಾರೋ ಕರೆದರು. ಮಾದೇವಕ್ಕ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದು, ಅತ್ತಿತ್ತ ನೋಡಿ ದನಿ ಇಳಿಸಿದರು.

"ಆ ಡಾಕ್ಟರ್ ನಂಬರ ಕೊಡ್ರಿ. ನಮ್ಮ ಮಗಳನ್ನ ಗಲಗಲಿ ಊರಿಗಿ ಕೊಟ್ಟೇವಿ. ಮೈ ಹಿಂಗ ಬಂದೈತಿ, ಅದಕ್ಕ ಮಕ್ಕಳಾಗಾವಲ್ವು ಅಂತ ಅಲ್ಲಿ ದಿನಾ ಅಂತಾರ್ರಿ ಆಕಿಗಿ. ಮತ್ತ ಇದನ್ನ ಭಿಶ್ಯಾಗ ಅನ್ನಬ್ಯಾಡ್ರಿ."

ಐದು ನಿಮಿಷದ ಹಿಂದೆ ಇದೇ ಬಾಯಿ ಇದನ್ನು ಬೇನೆಯಲ್ಲ ಅಂದಿತ್ತು. ನಂಬರ್ ಕೊಟ್ಟೆ. ಏನಾದರೂ ಚುಚ್ಚಿ ಮಾತಾಡಬಹುದಿತ್ತು. ಅವರ ಮುಖ ನೋಡಿದ ಮೇಲೆ ಆಗಲಿಲ್ಲ.

ಮನೆಗೆ ಬಂದು ಆಪರೇಶನ್ ಬೇಡ ಅಂತ ಹೇಳಿಬಿಟ್ಟೆ. ಜೀರಿಗೆ ನೀರಾದರೂ ಕುಡಿಯುತ್ತೇನೆ, ಹುರುಳಿ ಸಾರಾದರೂ ಕುಡಿಯುತ್ತೇನೆ. ಮರುದಿನ ಮನೆಯವರು ಮುಧೋಳಕ್ಕೆ ಹೋಗಿಬಂದರು. ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರಿಗೆ ಮಾತು ಕೊಟ್ಟಿದ್ದರು. ನನ್ನ ಸ್ಕೂಟಿ ಬಿದ್ದ ಮೇಲೆ ಅಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಆ ಕಾರಿಗಾಗಿ ಕೂಡಿಸುತ್ತಿದ್ದರು. ಬಣ್ಣ ಕೂಡ ನಿರ್ಧಾರವಾಗಿತ್ತು, ಬಿಳಿ.

"ಕಾರ್ ಬ್ಯಾಡಂತ ಹೇಳಿ ಬಂದೆ" ಅಂದರು.

ಏಕೆ ಅಂದೆ.

"ನನಗ ನಡಸಾಕ ಬರೂದಿಲ್ಲ. ತಗೊಂಡ್ರ ನಡಸಾಕಿ ನೀನ. ನೀ ನಿದ್ದಿಗಣ್ಣಾಗ ನಮ್ಮನ್ನೆಲ್ಲಾ ಎಲ್ಲಿ ಒಯ್ದು ಕೆಡವತೀಯೋ." ಚಪ್ಪಲಿ ಬಿಡುತ್ತ ಮತ್ತೆ ಅಂದರು, "ನೀ ಇದ್ರ ಕಾರ್ ಯಾವಾಗರ ಬರತೈತಿ ಬಿಡು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ದೊಡ್ಡ ಪ್ರೇಮದ ಮಾತು ಇದು. (ಓದಿದರೆ ಸಿಟ್ಟಾಗುತ್ತಾರೆ. ಓದಲಿ.)

ಕಾರಿಗೆ ಕೂಡಿಸಿದ್ದ ಹಣ ಆಪರೇಶನ್ ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚಿಗೆ ಸಾಕಾಯಿತು. ಉಳಿದದ್ದಕ್ಕೆ ನನ್ನ ಪಾಟಲಿ ಬಳೆಗಳು ಜಮಖಂಡಿಯ ಬ್ಯಾಂಕಿಗೆ ಹೋದವು. ಬಂಗಾರದ ಮೇಲೆ ಸಾಲ ಕೊಡುವವನು ತೂಗಿ ನೋಡಿದ, ಸಹಿ ಹಾಕಿಸಿಕೊಂಡ, ಹಣ ಖಾತೆಗೆ ಹಾಕಿದ. ಏಕೆ ಬೇಕು ಅಂತ ಕೇಳಲೇ ಇಲ್ಲ. ಮನೆಯವರು, ಓಣಿಯವರು, ಭಿಶಿಯವರು, ಫೋನಿನವರು ಎಲ್ಲರೂ ಕೇಳಿದ ಪ್ರಶ್ನೆಯನ್ನು ಕೇಳದೇ ಬಿಟ್ಟವನು ಅವನೊಬ್ಬನೇ. ಅಪರಿಚಿತನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಆಪರೇಶನ್ ಆಯಿತು. ಅತ್ತೆ ಬರುವುದಿಲ್ಲ ಅಂದವರು ಬೆಳಗಾವಿಗೆ ಬಂದು, ಆಸ್ಪತ್ರೆಯ ಸ್ಟೂಲಿನ ಮೇಲೆ ಜಪ ಮಾಡುತ್ತ ಕುಳಿತಿದ್ದರು. ಡಾಕ್ಟರು ಗುಟುಕು ಗುಟುಕಾಗಿ ನೀರು ಕೊಡಿ ಅಂದಾಗ ಚಮಚ ಹಿಡಿದವರು ಅವರೇ. ಮನೆಗೆ ಬಂದ ಮೇಲೆ ಗಂಜಿಯ ತಿಳಿಯನ್ನು ಮೊಮ್ಮಗಳ ಹಳೆಯ ಬೆಳ್ಳಿ ಬಟ್ಟಲಿನಲ್ಲಿ ಅಳೆದು ಕೊಟ್ಟರು. ಅಷ್ಟನ್ನೂ ಮುಗಿಸಲಾಗದೆ ನಾನು ಬಟ್ಟಲು ಕೆಳಗಿಟ್ಟರೆ ಅವರ ಕಣ್ಣಲ್ಲಿ ನೀರು. ಉಂಡು ಸಾಕು ಅಂದರೂ ಒತ್ತಾಯ ಮಾಡಿ ಬಡಿಸಿ ಬದುಕಿದ ಕೈ ಅದು. ನಾನು ಅದರಿಂದ ಕೆಲಸ ಕಿತ್ತುಕೊಂಡಿದ್ದೆ.

ಈಗ ಕೆಲವು ತಿಂಗಳಾಗಿವೆ. ಇನ್ಸುಲಿನ್ ನಿಂತಿದೆ. ತರಗತಿಯಲ್ಲಿ ತೂಕಡಿಕೆ ಇಲ್ಲ, ನನಗೆ. (ಮಕ್ಕಳಿಗೆ ಇದೆ, ಅದಕ್ಕೆ ಆಪರೇಶನ್ ಇಲ್ಲ.) ಬೆಳಿಗ್ಗೆ ಎದ್ದಾಗ, ಮಲಗಿ ಎದ್ದೆ ಅಂತ ಮೈಗೆ ಗೊತ್ತಾಗುತ್ತದೆ. ಅದು ಎಂಥ ಸುಖ ಅಂತ ನಿದ್ದೆ ಬರುವವರಿಗೆ ಹೇಳಿ ಪ್ರಯೋಜನವಿಲ್ಲ.

ಹಾಗಂತ ಎಲ್ಲವೂ ತಿಳಿಯಾಯಿತೇ? ಇಲ್ಲ. ಕೂದಲು ಉದುರುತ್ತಿದೆ. ಬದುಕಿರುವ ತನಕ ವಿಟಮಿನ್ ಗುಳಿಗೆ ನುಂಗಬೇಕು, ಆ ಖರ್ಚು ಯಾರ ಪ್ಯಾಕೇಜಿನಲ್ಲೂ ಇರಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿಯ ಎಣಗಾಯಿ ಎದುರಿಗೆ ಬಂದಾಗ ಆಸೆ ಇರುತ್ತದೆ, ಜಾಗ ಇರುವುದಿಲ್ಲ. ಬಳೆ ಇಲ್ಲದ ಕೈ ನೋಡಿಕೊಂಡು, ಇದೆಲ್ಲ ಬೇಕಿತ್ತೇ ಅಂತ ಕೆಲವು ದಿನ ಅನಿಸುತ್ತದೆ. ಇನ್ನು ಕೆಲವು ದಿನ, ಇಷ್ಟು ತಡ ಮಾಡಿದ್ದೇಕೆ ಅನಿಸುತ್ತದೆ. ಯಾವ ದಿನದ ನನ್ನನ್ನು ನಂಬಬೇಕು?

ಮೊನ್ನೆ ಬೀಳಗಿಯಲ್ಲಿ ಒಂದು ಮದುವೆ. ಎಲೆಯ ಮುಂದೆ ಕುಳಿತು ಎರಡು ತುತ್ತು ಅನ್ನ, ಹೋಳಿಗೆಯ ಒಂದು ಚೂರು ತಿಂದು ಸಾಕು ಅಂದೆ. ಪಕ್ಕದಲ್ಲಿ ನನ್ನನ್ನು ಹತ್ತು ವರ್ಷದಿಂದ ಬಲ್ಲ ಹೆಂಗಸು. ಹಿಂದೆ ಇಂಥದೇ ಪಂಕ್ತಿಯಲ್ಲಿ, ಅನ್ನ ಬಿಡ್ರಿ, ಬರೀ ಪಲ್ಯ ತಿನ್ರಿ ಅಂತ ಉಪದೇಶ ಮಾಡಿದಾಕೆ. ಈಗ ನನ್ನ ಎಲೆ ನೋಡಿ, ಮುಖ ನೋಡಿ, ಬೆನ್ನ ಮೇಲೆ ಕೈಯಿಟ್ಟು ಕನಿಕರದಿಂದ ಅಂದರು, "ಎಷ್ಟ ಸೊರಗೀರಿ. ಮನಷ್ಯಾ ಅಂದ ಮ್ಯಾಲ ಹೊಟ್ಟಿ ತುಂಬ ಉಣಬೇಕ್ರಿ."

ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಯೂ ಬಿಟ್ಟರು. ನಾನು ಹೋಳಿಗೆಯನ್ನೂ ಅವರನ್ನೂ ನೋಡುತ್ತ ಕುಳಿತೆ.

ನಮ್ಮ ಕಡೆ ಈ ಕಾಯಿಲೆಗೆ ಆಪರೇಶನ್ನಿನ ಮೊದಲೂ ಆಮೇಲೂ ಪೂರ್ತಿ ಕ್ಯಾಶ್‌ಲೆಸ್ ಆಗಿ ಸಿಗುವುದು ಸಲಹೆ ಒಂದೇ, ಅಲ್ಲವೇನ್ರಿ?