ಸಾಕತ್ತೆಯ ರೋಸ್ ಕಲರ್

ಮೊನ್ನೆ ನಂಜನಗೂಡಿನ ಅಂಗಡಿಯೊಂದರಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಹಲ್ಲುಪುಡಿ ಕೇಳಿದರು. ಅಂಗಡಿಯವನು ಮೇಲಿನ ಹಲಗೆಯಿಂದ ಎಳೆಯುವಾಗ ಪೊಟ್ಟಣ ಒಡೆದು ತಕ್ಕಡಿಯ ಮೇಲೆಲ್ಲ ಗುಲಾಬಿ ಬಣ್ಣದ ಪುಡಿ ಚೆಲ್ಲಿತು. ಲವಂಗ, ಕರ್ಪೂರ, ಅವುಗಳ ಅಡಿಯಲ್ಲಿ ಸ್ವಲ್ಪ ಮಣ್ಣಿನ ವಾಸನೆ. ನೀವು ನಮ್ಮ ಕಡೆಯವರಾದರೆ ನಿಮಗೂ ಅದು ಗೊತ್ತಿರುತ್ತದೆ. ಬೆಳಗ್ಗೆ ಎದ್ದು ಎಡಗೈಗೆ ಚಿಟಿಕೆ ಪುಡಿ ಸುರಿದುಕೊಂಡು, ಬಚ್ಚಲ ಕಲ್ಲಿನ ಮೇಲೆ ಗುಲಾಬಿ ನೊರೆ ಉಗುಳಿ ಬೆಳೆದವರು ನಾವೆಲ್ಲ. ಅಂಗಡಿಯವನು 'ಓಗ್ಲಿ ಬುಡಿ ಸಾ, ಬೇರೆ ಕೊಡ್ತೀನಿ' ಎಂದು ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿಹಾಕಿದ. ನಾನು ಸಕ್ಕರೆಯನ್ನು ಅಲ್ಲೇ ಮರೆತು ಮನೆಗೆ ಬಂದೆ. ಸಾಕತ್ತೆಯನ್ನು ಮಣ್ಣು ಮಾಡಿ ಬಂದು ಆಗ ಇನ್ನೂ ಬಹಳ ದಿನವಾಗಿರಲಿಲ್ಲ.

ಸಾಕತ್ತೆ ನನ್ನ ಅಪ್ಪನ ಕೊನೆಯ ತಂಗಿ. ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಇನ್ನು ಸಾಕು ಎಂದು ಇಟ್ಟ ಹೆಸರು ಸಾಕಮ್ಮ. ನಮ್ಮೂರು ಹೆಡತಲೆಯಲ್ಲಿ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಆಗ ಅಲ್ಲಿ ತಗ್ಗಾದ ಬಾಗಿಲು, ಸಗಣಿ ಸಾರಿಸಿದ ನಡುಮನೆ, ಹಗಲಲ್ಲೂ ಕತ್ತಲಾಗಿರುತ್ತಿದ್ದ ಬಚ್ಚಲು, ಅದರ ಮೂಲೆಯಲ್ಲಿ ಮಸಿ ಹಿಡಿದ ಹಂಡೆ ಇದ್ದವು. ಆ ಹಂಡೆಯ ಒಲೆಗೆ ತೆಂಗಿನ ಗರಿ ತುರುಕುತ್ತ ಕೂತ ಸಾಕತ್ತೆಯ ಮುಖ ಬೆಂಕಿಯ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅವಳು ಕಪ್ಪಗಿದ್ದಳು. ನೇರಳೆ ಹಣ್ಣಿನಂಥ ನುಣುಪಾದ ಕಪ್ಪು. ನನಗೆ ಅವಳಷ್ಟು ಚೆಲುವೆ ಆ ಊರಿನಲ್ಲೇ ಕಾಣಿಸುತ್ತಿರಲಿಲ್ಲ. ಆದರೆ ಎಂಟು ವರ್ಷದ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ. ಅವಳಿಗೆ ಗುಲಾಬಿ ಬಣ್ಣವೆಂದರೆ ಪ್ರಾಣ. ನಮ್ಮಲ್ಲಿ ಅದಕ್ಕೆ ರೋಸ್ ಕಲರ್ ಎಂದೇ ಹೇಳುವುದು. ಬಳೆಗಾರ ಬಂದರೆ ಅವಳ ಕೈ ಮೊದಲು ಹೋಗುತ್ತಿದ್ದುದು ರೋಸ್ ಕಲರ್ ಬಳೆಗೆ, ಅಜ್ಜಿ ಆ ಕೈಯನ್ನು ಹಿಡಿದು ಹಸಿರು ಬಳೆಯ ಕಡೆಗೆ ಎಳೆಯುವುದು. 'ಅದು ಬೆಳ್ಳಗಿರೋರ ಬಣ್ಣ ಕಣೇ. ನೀನಾಕ್ಕೊಂಡ್ರೆ ಇನ್ನೂ ಕಪ್ಪಗ್ ಕಾಣ್ತೀಯ' ಎನ್ನುತ್ತಿದ್ದಳು ಅಜ್ಜಿ. ಅಜ್ಜಿ ಕೆಟ್ಟವಳಲ್ಲ. ಅವಳೂ ಕಪ್ಪೇ. ಅವಳ ತಾಯಿ ಅವಳಿಗೆ ಹೇಳಿದ್ದನ್ನು ಅವಳು ಮಗಳಿಗೆ ದಾಟಿಸುತ್ತಿದ್ದಳು, ಅಷ್ಟೆ. ಬೈಗುಳವಾಗಿದ್ದರೆ ಎದುರಾಡಬಹುದಿತ್ತು, ಬುದ್ಧಿಮಾತಿಗೆ ಏನು ಮಾಡುವುದು.

ತಾಂಡವಪುರದ ಕಡೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದಾಗ ಅಜ್ಜಿ ಪೆಟ್ಟಿಗೆಯಿಂದ ತೆಗೆದದ್ದು ಕಾಫಿಪುಡಿ ಬಣ್ಣದ ಸೀರೆ. ಮಧ್ಯಾಹ್ನ ಅಜ್ಜಿ ಹೊಲದ ಕಡೆ ಹೋದ ಮೇಲೆ ಸಾಕತ್ತೆ ನನ್ನನ್ನು ಬಚ್ಚಲಿಗೆ ಕರೆದಳು. ಬದನವಾಳಿನಿಂದ ತಂದ ಬಟ್ಟೆಯಲ್ಲಿ ಹೊಲಿಸಿದ್ದ ಬಿಳಿ ಖಾದಿ ರವಿಕೆಯೊಂದು ಅವಳ ಕೈಯಲ್ಲಿತ್ತು. ಬಕೆಟ್ಟಿಗೆ ಬಿಸಿನೀರು ಬಗ್ಗಿಸಿ, ಮನೆಯಲ್ಲಿದ್ದ ಹಲ್ಲುಪುಡಿಯ ಪೊಟ್ಟಣಗಳನ್ನೆಲ್ಲ ಅದರೊಳಗೆ ಕೊಡವಿದಳು. ಬಣ್ಣ ಹಿಡಿಯಲೆಂದು ಒಂದು ಹಿಡಿ ಉಪ್ಪನ್ನೂ ಹಾಕಿದಳು. 'ಯಾರ್ಗೂ ಯೇಳ್ಬೇಡ ಮಗಾ. ಸೆರಗು ಒದ್ಕೊಂಡ್ರೆ ಎಲ್ಲಾ ಮುಚ್ಕೋತದೆ. ಒಳ್ಗಿದ್ರೂ ಸಾಕು, ನಂಗ್ ಗೊತ್ತಿರ್ತದಲ್ಲ' ಎಂದಳು. ಪೇಟೆಯಲ್ಲಿ ಬಣ್ಣದ ಪುಡಿ ಸಿಗುತ್ತಿತ್ತು ನಿಜ. ಆದರೆ ಪೇಟೆಗೆ ಹೋಗುತ್ತೇನೆಂದರೆ ಯಾಕೆ, ಏನು ಎಂದು ಮನೆಮಂದಿಗೆಲ್ಲ ಹೇಳಬೇಕಿತ್ತು. ಹಲ್ಲುಪುಡಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಹುಲ್ಲಿನ ಮೆದೆಯ ಹಿಂದೆ ಒಣಗಿದ ರವಿಕೆ ಬೆನ್ನಿನಲ್ಲಿ ತೆಳುವಾಗಿ, ಕಂಕುಳಲ್ಲಿ ಗಾಢವಾಗಿ, ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಗುಲಾಬಿಯಾಗಿತ್ತು. ಸಾಕತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡಳು.

ಬಣ್ಣವನ್ನು ಸೆರಗಿನಿಂದ ಮುಚ್ಚಬಹುದು ಎಂದು ಯೋಚಿಸಿದ್ದ ನಮ್ಮಿಬ್ಬರಿಗೂ ವಾಸನೆಯ ನೆನಪೇ ಬಂದಿರಲಿಲ್ಲ. ಬಂದವರು ನಡುಮನೆಯ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಸಾಕತ್ತೆ ಕಾಫಿಯ ತಟ್ಟೆ ಹಿಡಿದು ಬಂದಳು. ಸೆಕೆಗೆ ಅವಳ ಮೈ ಬೆವರಿತ್ತು. ಅವಳು ಬಗ್ಗಿ ಲೋಟ ಕೊಡುತ್ತಿದ್ದಂತೆ ಲವಂಗ ಕರ್ಪೂರದ ಘಾಟು ನಡುಮನೆಯನ್ನೆಲ್ಲ ತುಂಬಿತು. ಗಂಡಿನ ಸೋದರಮಾವ ಮೂಗರಳಿಸಿ, 'ಯಾರಿಗ್ ಅಲ್ಲುನೋವು?' ಎಂದು ಕೇಳಿದ. ಅವರ ಕಡೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಜ್ಜಿ ಮಗಳನ್ನು ಒಂದು ಸಲ ನೋಡಿದಳು, ಎಲ್ಲವೂ ಅವಳಿಗೆ ತಿಳಿಯಿತು. ಆ ಸಂಬಂಧ ಕೂಡಲಿಲ್ಲ. ಹುಡುಗಿ ಬಣ್ಣ ಕಮ್ಮಿ ಎಂದು ಅವರು ಹೇಳಿ ಕಳಿಸಿದರೂ ನಮ್ಮ ಮನೆಯಲ್ಲಿ ಅಪರಾಧ ರವಿಕೆಯ ಮೇಲೆಯೇ ಬಿತ್ತು. ಅಜ್ಜಿ ಅದನ್ನು ಹರಿದು ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆ ಮಾಡಿದಳು. ಅನ್ನ ಬಸಿಯುವಾಗಲೆಲ್ಲ ಸಾಕತ್ತೆ ಅದನ್ನೇ ಕೈಗೆ ಸುತ್ತಿಕೊಳ್ಳುತ್ತಿದ್ದಳು. ಬಿಸಿ ತಾಗಿದರೆ ಸ್ವಲ್ಪ ಲವಂಗದ ವಾಸನೆ ಬರುತ್ತಿತ್ತು. ಆಮೇಲೆ ಅದೂ ಹೋಯಿತು.

ಟಿ. ನರಸೀಪುರದ ಆಚೆಗಿನ ಒಂದು ಹಳ್ಳಿಗೆ, ಮೊದಲ ಹೆಂಡತಿ ತೀರಿಹೋಗಿದ್ದವನಿಗೆ ಅವಳನ್ನು ಕೊಟ್ಟರು. ಅವನು ಒಳ್ಳೆಯವನೇ. ಗದ್ದೆಯಿತ್ತು, ಹಸುಗಳಿದ್ದವು, ಒಬ್ಬ ಮಗನೂ ಹುಟ್ಟಿದ. ಪ್ರತಿ ವರ್ಷ ಗೌರಿಹಬ್ಬಕ್ಕೆ ಅಪ್ಪ ಬಾಗಿನ ಕಟ್ಟಿಕೊಂಡು, ತವರಿನ ಸೀರೆ ಹಿಡಿದು ಬಸ್ಸು ಹತ್ತುತ್ತಿದ್ದರು. ಸೀರೆ ಒಂದು ಸಲ ಹಸಿರು, ಒಂದು ಸಲ ಕಂದು, ಇನ್ನೊಂದು ಸಲ ಕಡುನೀಲಿ. ಅಜ್ಜಿ ಸತ್ತ ಮೇಲೂ ಅಪ್ಪ ಅಜ್ಜಿ ಹೇಳಿದ್ದ ಬಣ್ಣಗಳನ್ನು ದಾಟಲಿಲ್ಲ. ಅಪ್ಪನೂ ತೀರಿಕೊಂಡ ವರ್ಷ ಬಾಗಿನ ನನ್ನ ಪಾಲಿಗೆ ಬಂತು. ನಾನು ರೋಸ್ ಕಲರ್ ಸೀರೆಯನ್ನೇ ಕೊಂಡೆ. ಎಷ್ಟೋ ವರ್ಷದ ಬಾಕಿ ತೀರಿಸುವವಳ ಹಾಗೆ ಬೀಗುತ್ತ ಹೋದೆ ಅನ್ನಿ. ಸಾಕತ್ತೆ ಸೀರೆಯ ಮಡಿಕೆ ಬಿಚ್ಚಿ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮೂಗಿಗೆ ಹಿಡಿದು, 'ಅಲ್ಲುಪುಡಿ ವಾಸ್ನೆ ಇಲ್ಲ' ಎಂದು ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವಳು ಸೀರೆಯನ್ನು ಮೊದಲಿದ್ದ ಹಾಗೆಯೇ ಮಡಿಸಿದಳು. 'ನಂಗ್ ಒಪ್ಪಲ್ಲ ಮಗಾ. ನಿನ್ ಮಗ್ಳು ಬೆಳ್ಳಗವ್ಳೆ, ಅವಳ್ಗಿಡು.' ನಾನು ಆಣೆ ಹಾಕಿದೆ, ಜಗಳವಾಡಿದೆ. ಆಗ ಆಯಿತು ಎಂದು ತೆಗೆದುಕೊಂಡಳು. ನಂಜನಗೂಡಿಗೆ ಬಂದು ಬ್ಯಾಗು ಬಿಚ್ಚಿದರೆ, ಅವಳು ಕೊಟ್ಟ ತೆಂಗಿನಕಾಯಿಗಳ ಕೆಳಗೆ ಸೀರೆ ಇತ್ತು. ಅಜ್ಜಿಯ ಮಾತು ಅಷ್ಟು ಹೊತ್ತಿಗೆ ಅವಳದೇ ಮಾತಾಗಿಬಿಟ್ಟಿತ್ತು. ಅಜ್ಜಿಯ ಜೊತೆ ವಾದಿಸಬಹುದಿತ್ತೇನೋ, ಅವಳ ಜೊತೆ ವಾದಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಈಗ ನೋಡಿದಲ್ಲೆಲ್ಲ ಗುಲಾಬಿ. ಹೆಣ್ಣುಮಗು ಹುಟ್ಟಿದರೆ ಟೋಪಿಯಿಂದ ತೊಟ್ಟಿಲವರೆಗೆ ಗುಲಾಬಿ. ಶಾಲೆಯ ಚೀಲ, ನೀರಿನ ಬಾಟಲಿ ಎಲ್ಲ ಗುಲಾಬಿ. ಚುನಾವಣೆಯ ಕೆಲಸಕ್ಕೆ ನನ್ನನ್ನು ಹಾಕಿದ್ದಾಗ ಒಂದು ಮತಗಟ್ಟೆಗೇ ಗುಲಾಬಿ ಬಟ್ಟೆ ಕಟ್ಟಿ, ಇದು ಹೆಂಗಸರ ಮತಗಟ್ಟೆ ಎಂದರು. ಹೆಂಗಸರದೆಲ್ಲ ಗುಲಾಬಿಯಂತೆ. ಹಾಗಾದರೆ ಸಾಕತ್ತೆ ಯಾರಾಗಿದ್ದಳು ಎಂದು ಕೇಳೋಣವೆನ್ನಿಸಿತು. ಯಾರನ್ನು ಕೇಳುವುದು. ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಬೆರಳುಗಳಿಗೆ ಶಾಯಿ ಹಚ್ಚಿದೆ.

ಸಾಕತ್ತೆ ಹೋದಳೆಂದು ಅವಳ ಮಗ ಫೋನು ಮಾಡಿದಾಗ ನಾನು ಬೀರು ತೆಗೆದು ಅದೇ ಸೀರೆಯನ್ನು ಹಿಡಿದು ಹೊರಟೆ. ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ, ನಮ್ಮಲ್ಲಿ ಹಾಗೆ. ನರಸೀಪುರದ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ, ಕೆಳಗೆ ಹೊಳೆಗಳು ಕೂಡುವುದನ್ನು ನೋಡುವ ಮನಸ್ಸೂ ಬರಲಿಲ್ಲ. ಅಂಗಳ ಮುಟ್ಟುತ್ತಿದ್ದಂತೆ ಯಾರೋ, 'ತವರಿನೋರು ಬಂದ್ರಾ?' ಎಂದರು. 'ಬಂದ್ರು' ಎಂದು ಇನ್ನೊಬ್ಬರು ಹೇಳಿದರು. ನಾನು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅಜ್ಜಿ, ಅಪ್ಪ, ಆ ಮನೆ, ಆ ಹಂಡೆ ಎಲ್ಲ ಸೇರಿ ಉಳಿದಿದ್ದ ತವರು ನಾನೊಬ್ಬಳೇ.

ಸೀರೆ ಹೊದಿಸಿದೆ. ಈ ಸಲ ಅದನ್ನು ಮಡಿಸಿ ವಾಪಸು ಕೊಡಲು ಅವಳಿಂದಾಗಲಿಲ್ಲ. ತಲೆಯ ಹತ್ತಿರ ಯಾರೋ ಕರ್ಪೂರ ಹಚ್ಚಿದರು. ಆ ವಾಸನೆ ಬಂದದ್ದೇ ನಾನು ಅಲ್ಲೇ ಕೂತೆ. ಅವಳ ಸೊಸೆ ಅಳುತ್ತ ಸೆರಗನ್ನು ಸರಿಮಾಡಿ, 'ಎಷ್ಟೊಂದ್ ಒಪ್ತದೆ ನೋಡಿ ಅತ್ತೆಗೆ, ಈ ಬಣ್ಣ' ಎಂದಳು. ನೆರೆದಿದ್ದ ಹೆಂಗಸರೆಲ್ಲ ಹೌದು ಹೌದು ಎಂದರು. ಆ ಮಾತನ್ನು ಕೇಳಬೇಕಾಗಿದ್ದವಳು ಕಣ್ಣು ಮುಚ್ಚಿ ಮಲಗಿದ್ದಳು. ಅವಳನ್ನು ಬಿಟ್ಟು ಉಳಿದ ನಾವೆಲ್ಲರೂ ಕೇಳಿಸಿಕೊಂಡೆವು.