ಅಕ್ಕೋರು ಕದದ ಮೇಲೆ ಕಲಿತದ್ದು

ಪಲ್ಲವಿ, ಬೀರೇಶ,

ಮೊನ್ನೆ ನನ್ನ ಮೊಣಕಾಲಿಗೆ ತಿಕ್ಕಲೆಂದು ನಿಮ್ಮವ್ವ ಔಡಲೆಣ್ಣೆ ಬಿಸಿ ಮಾಡಿದಳು. ಬಟ್ಟಲಿನಿಂದ ಆ ವಾಸನೆ ಏಳುತ್ತಲೇ ನೀವಿಬ್ಬರೂ ಮೂಗು ಮುಚ್ಚಿಕೊಂಡು ಹೊರಗೆ ಓಡಿದಿರಿ. ನನಗೆ ದೇವದುರ್ಗದ ಮನೆಯ ಮುಂದಿನ ಕೋಣೆ ಕಣ್ಣಮುಂದೆ ಬಂತು. ಆ ಕೋಣೆಯಲ್ಲಿ ಒಬ್ಬರು ದಿನಾ ಸಂಜೆ ಇದೇ ಎಣ್ಣೆಯನ್ನು ಬೆಚ್ಚಗಿರುವಾಗಲೇ ಬೆರಳಿಗೆ ತಿಕ್ಕಿಕೊಳ್ಳುತ್ತಿದ್ದರು…

ಅಜ್ಜಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ ಎಂದು ನೀವು ನಗುತ್ತೀರಿ. ನಿಜ. ಗಬ್ಬೂರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ನಾಲ್ಕು ಮಂದಿಯ ಮುಂದೆ ಮಾತಾಡಲು ನನಗೆ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಿಲ್ಲ. ಕೈ ಬೇಗ ಸೋಲುತ್ತದೆ, ನಿಂತು ನಿಂತು ಬರೆಯುತ್ತೇನೆ.

ನಿಮ್ಮಪ್ಪ ತೊಟ್ಟಿಲಲ್ಲಿದ್ದ ವರ್ಷ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ಕುರಿ ಹಿಂಡಿನ ಜೊತೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ನಾನು, ನನ್ನ ಅತ್ತೆ. ಮುಂದಿನ ಕೋಣೆಯನ್ನು ಶಾಲೆಯ ಅಕ್ಕೋರಿಗೆ ಬಾಡಿಗೆಗೆ ಕೊಟ್ಟಿದ್ದೆವು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಅವರಿಗೂ ನನಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಆದರೂ ಕೊನೆಯವರೆಗೆ ನಾನು ಅವರ ಹೆಸರು ಹಿಡಿಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಅವರು ಮಾನ್ವಿ ಕಡೆಯ ಬಾಗಲವಾಡದವರು. ಅಪ್ಪ ಅವ್ವ ಕೂಲಿ ಮಾಡುತ್ತಿದ್ದರಂತೆ. ಇಬ್ಬರೂ ಬೇಗ ತೀರಿಕೊಂಡಾಗ ಯಾರೋ ಪುಣ್ಯಾತ್ಮರು ಹುಡುಗಿಯನ್ನು ರಾಯಚೂರಿನ ಒಂದು ಶಾಲೆಯ ಹಾಸ್ಟೆಲಿಗೆ ಸೇರಿಸಿದರು. ಆ ಶಾಲೆಯಲ್ಲಿ ಪರದೇಶದವರು ಬಿಟ್ಟುಹೋದ ಒಂದು ಪಿಯಾನೊ ಇತ್ತು. ಅದನ್ನು ಕಲಿಸುವ ವಯಸ್ಸಾದ ಮೇಡಂ ಒಬ್ಬರಿದ್ದರು. ಅಕ್ಕೋರು ಅವರ ಹತ್ತಿರ ಕಲಿತು, ಓದು ಮುಗಿಸಿ, ಹಂಗಾಮಿ ಕೆಲಸದ ಮೇಲೆ ನಮ್ಮ ಊರಿಗೆ ಬಂದಿದ್ದರು.

ನಾವು ಹಾಲುಮತದವರು. ಅವರ ಜಾತಿ ಬೇರೆ. ಅವರು ನಮ್ಮ ಒಳಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಬಾ ಎಂದು ನಾವು ಕರೆಯಲಿಲ್ಲ, ಬರಲೇ ಎಂದು ಅವರೂ ಕೇಳಲಿಲ್ಲ. ಆಗ ಹಾಗಿತ್ತು.

ಆ ವರ್ಷ ಮಳೆಗಾಲದಲ್ಲಿ ಒಂದು ಭಾನುವಾರ ಅವರು ರಾಯಚೂರಿನಿಂದ ಸಪ್ಪೆ ಮುಖ ಮಾಡಿಕೊಂಡು ಬಂದರು. ಮೇಡಂ ವರ್ಷದ ಕೊನೆಗೆ ಕೆಲಸ ಬಿಟ್ಟು ತಮ್ಮ ಊರಿಗೆ ಹೋಗುವವರಿದ್ದರು. ಅಷ್ಟರೊಳಗೆ ಪಿಯಾನೊದ ದೊಡ್ಡ ಪರೀಕ್ಷೆ ಪಾಸಾದವರು ಯಾರಾದರೂ ಸಿಕ್ಕರೆ ಅವರಿಗೆ ಆ ಕೆಲಸ. ಇಲ್ಲದಿದ್ದರೆ ಸಂಗೀತದ ತರಗತಿ ಮುಚ್ಚಿ ಪಿಯಾನೊ ಮಾರಿಬಿಡುವುದು ಎಂದು ಶಾಲೆಯವರು ತೀರ್ಮಾನಿಸಿದ್ದರು. ಪರೀಕ್ಷೆ ಹೈದರಾಬಾದಿನಲ್ಲಿ, ದೀಪಾವಳಿ ಮುಗಿದ ಮೇಲೆ. ಪರದೇಶದಿಂದ ಒಬ್ಬ ಸಾಹೇಬರು ಬಂದು ಕೇಳುತ್ತಾರೆ. ಅದರಲ್ಲಿ ಬಾರಿಸಬೇಕಾದ ಪೀಸು ಅಕ್ಕೋರಿಗೆ ಅರ್ಧವೂ ಬರುತ್ತಿರಲಿಲ್ಲ. ಪೀಸು ಎಂದೇ ಅವರು ಹೇಳುತ್ತಿದ್ದದ್ದು.

"ಬ್ಯಾರೆ ಕೆಲಸ ಸಿಗಂಗಿಲ್ಲೇನ್ರಿ ಅಕ್ಕೋರೆ?" ಎಂದು ಕೇಳಿದೆ.

"ಕೆಲಸ ಸಿಗ್ತದ ತಂಗಿ. ಎಲ್ಲಾರಿಗೂ ತವರುಮನಿ ಅಂತ ಒಂದು ಇರ್ತದಲ್ಲ, ನನಗ ಆ ಪಿಯಾನೊ ಇರೋ ಕೋಣಿ ಒಂದೇ" ಎಂದರು.

ಪಿಯಾನೊ ಇದ್ದದ್ದು ರಾಯಚೂರಿನಲ್ಲಿ, ಅವರಿದ್ದದ್ದು ದೇವದುರ್ಗದಲ್ಲಿ. ಶನಿವಾರ ಶಾಲೆ ಮುಗಿಸಿ ಬಸ್ಸು ಹಿಡಿದು ಹೋಗಿ ಭಾನುವಾರ ಬರುತ್ತಿದ್ದರು. ಉಳಿದ ದಿನ ಏನು ಮಾಡುವುದು? ನಮ್ಮ ದನದ ಕೊಟ್ಟಿಗೆಯಲ್ಲಿ ಮುರಿದ ಕದ ಒಂದು ಬಿದ್ದಿತ್ತು. ಅದನ್ನು ಕೇಳಿ ತೆಗೆದುಕೊಂಡು ಹೋಗಿ, ಸುಣ್ಣ ಬಳಿದು, ಇದ್ದಿಲಿನಿಂದ ಪಿಯಾನೊದಲ್ಲಿ ಬೆರಳಿಂದ ಒತ್ತುವ ಕರಿ ಮನೆ, ಬಿಳಿ ಮನೆ ಬರೆದರು. ಎರಡು ಟ್ರಂಕಿನ ಮೇಲೆ ಅದನ್ನು ಅಡ್ಡ ಇಟ್ಟು, ಮುಂದೆ ಕುಳಿತು ಬಾರಿಸತೊಡಗಿದರು. ಸಪ್ಪಳವೆಂದರೆ ಬೆರಳು ಕಟ್ಟಿಗೆಗೆ ಬಡಿಯುವ ಸಪ್ಪಳ ಮಾತ್ರ. ಕಣ್ಣು ಮುಚ್ಚಿ, ತಲೆ ತೂಗುತ್ತ, ಬೆವರುತ್ತ, ಶಾಲೆಯಿಂದ ಬಂದದ್ದೇ ಅದರ ಮುಂದೆ ಕೂಡುತ್ತಿದ್ದರು.

ಓಣಿಯವರು ಕಿಟಕಿಯಲ್ಲಿ ಇಣುಕಿದರು. ನನ್ನ ಅತ್ತೆಗಂತೂ ಕುಂತಲ್ಲಿ ಕುಂದ್ರಲಾಗಲಿಲ್ಲ.

"ಏ ಹುಡುಗಿ, ಆ ಅಕ್ಕೋರಿಗಿ ಗಾಳಿ ಬಡದದೇನ ನೋಡಬೇ. ಬಣ್ಣ ಹಚ್ಚಿದ ಕದಕ್ಕ ಗುದ್ದಾಕತ್ತ್ಯಾಳ!"

"ಗಾಳಿ ಅಲ್ರೀ ಅತ್ತಿ, ಅದು ಪರೀಕ್ಷಾದ ಪಾಠ."

"ಪಾಠ ಅಂದ್ರ ಬಾಯಿಲೆ ಓದ್ತಾರ. ಕದ ಯಾಕ ಬಡೀತಾರ? ಒಳಗಿದ್ದವರು ಯಾರರ ತೆಗೀತಾರೇನು?"

ಮರುದಿನವೇ ಅತ್ತೆ ಎಲ್ಲಿಂದಲೋ ಕರಿದಾರ ಮಾಡಿಸಿ ತಂದರು. ಅಕ್ಕೋರು ನಗದೆ ಕೈ ಮುಂದೆ ಹಿಡಿದರು. "ಕಟ್ರಿ ಯವ್ವಾ. ಎಡಗೈಗಿ ಕಟ್ರಿ, ಅದೇ ಮಾತು ಕೇಳವಲ್ದು" ಎಂದರು. ಅತ್ತೆ ಕಟ್ಟಿದರು. ಆಮೇಲೆ ಗಾಳಿಯ ಮಾತು ಎತ್ತಲಿಲ್ಲ.

ಆ ಪೀಸಿನ ಕಷ್ಟ ಏನೆಂದು ಒಮ್ಮೆ ಕೇಳಿದ್ದೆ. ಎಡಗೈ ಎತ್ತು ನಡೆದಂತೆ ಒಂದೇ ಸಮ ನಡೆಯಬೇಕು, ಬಲಗೈ ಕುರಿಮರಿಯಂತೆ ಜಿಗಿದಾಡಬೇಕು, ಎರಡನ್ನೂ ಒಂದೇ ಹಗ್ಗದಲ್ಲಿ ಹಿಡಿದವರು ಎಲ್ಲಿಯೂ ನಿಲ್ಲಬಾರದು ಎಂದು ಹೇಳಿದರು. ನಮ್ಮ ಮನೆಯ ಕಸುಬು ನೋಡಿ ಹಾಗೆ ಬಿಡಿಸಿ ಹೇಳಿರಬೇಕು. ತಾಳ ತೋರಿಸುವ ಪೆಟ್ಟಿಗೆಯೊಂದು ರಾಯಚೂರಿನಲ್ಲಿತ್ತು. ಅದನ್ನು ಹೊರಗೆ ಒಯ್ಯಲು ಶಾಲೆಯವರು ಬಿಡಲಿಲ್ಲ.

ಅಡುಗೆಮನೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಸಂಜೆ ನಾನು ರೊಟ್ಟಿ ಬಡಿಯುವ ಸಪ್ಪಳ ಅವರಿಗೆ ಕೇಳುತ್ತಿತ್ತು. ಒಂದು ದಿನ ಹೊಸ್ತಿಲ ಹೊರಗೆ ನಿಂತು, "ತಂಗಿ, ನೀ ರೊಟ್ಟಿ ಬಡಿಯೋ ಹೊತ್ತಿಗೇ ನಾನೂ ಕೂಡ್ತೀನಿ. ನಿನ್ನ ಕೈ ಛಲೋ ತಾಳ ಹಾಕ್ತದ" ಎಂದರು. ನನಗೆ ನಾಚಿಕೆಯಾಯಿತು. ನನ್ನ ಕೈಯನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅಂದಿನಿಂದ ಗೋಡೆಯ ಈಚೆ ನಾನು, ಆಚೆ ಅವರು. ದಿನವಿಡೀ ದುಡಿದು ಇಬ್ಬರಿಗೂ ತೋಳು ಬಿದ್ದುಹೋಗಿರುತ್ತಿತ್ತು. ಆದರೂ ರೊಟ್ಟಿ ಬುಟ್ಟಿ ತುಂಬುವವರೆಗೆ ಇಬ್ಬರೂ ಬಿಡುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಒಂದು ಭಾನುವಾರ ಅವರು ಬಸ್ಸಿಳಿದು ಬಂದು, ಚೀಲವನ್ನೂ ಕೆಳಗಿಡದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮೊದಲ ಸಲ ಇಡೀ ಪೀಸನ್ನು ಮೇಡಂ ಮುಂದೆ ಬಾರಿಸಿದ್ದರಂತೆ. ಮೇಡಂ ಕೇಳಿದರಂತೆ: ಇದೇನು, ನಿನ್ನ ಪೀಸು ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ಓಡುತ್ತದೆ, ಮತ್ತೆ ನಿಂತು ನಡೆಯುತ್ತದೆ, ಯಾರಾದರೂ ಬೆನ್ನು ಹತ್ತಿದ್ದಾರೇನು? ಹೀಗೇ ಬಾರಿಸಿದರೆ ಪಾಸಾಗುವುದಿಲ್ಲ ಎಂದೂ ಹೇಳಿದರಂತೆ. ಯಾಕೆ ಹಾಗಾಗುತ್ತದೆಂದು ಅಕ್ಕೋರಿಗೆ ತಿಳಿದಿರಲಿಲ್ಲ.

ನಾನು ಒಳಗೆ ಹೋಗಿ ರೊಟ್ಟಿಗೆ ಕುಳಿತೆ. ಎರಡು ರೊಟ್ಟಿ ಆಗಿರಬೇಕು. ಹೊರಗೆ ಅವರು ಗಟ್ಟಿಯಾಗಿ ನಗುವುದು ಕೇಳಿಸಿತು. ಹೋಗಿ ನೋಡಿದರೆ ಕಣ್ಣಲ್ಲಿ ನೀರು.

"ತಂಗಿ, ನನ್ನ ಪೀಸು ರೊಟ್ಟಿ ಆಗ್ಯದ!"

ಹಿಟ್ಟು ಉಂಡೆಯಾಗಿದ್ದಾಗ ಕೈ ನಿಧಾನ, ಅಗಲವಾದಂತೆ ಚುರುಕು, ಅಂಚಿಗೆ ಬಂದಾಗ ಪಟಪಟ. ಬಡಿಯುವ ನನಗೇ ಅದು ಗೊತ್ತಿರಲಿಲ್ಲ. ಇಷ್ಟು ವಾರಗಳಲ್ಲಿ ಅವರ ಬೆರಳಿಗೆ ಅದೇ ನಡೆ ಹತ್ತಿಬಿಟ್ಟಿತ್ತು. ಪರೀಕ್ಷೆಗೆ ಉಳಿದಿದ್ದದ್ದು ಎರಡು ವಾರ. ನಾನು ಹಿಟ್ಟಿಲ್ಲದೆ ಖಾಲಿ ರೊಟ್ಟಿ ಹಲಗೆಯ ಮೇಲೆ ಒಂದೇ ಸಮ ಬಡಿದು ನೋಡಿದೆ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಓಡತೊಡಗಿತು. ಎದ್ದು ಹೊರಗೆ ಬಂದು ನೋಡಿದರೆ ಅಕ್ಕೋರು ಕದದ ಮೇಲೆ ತಲೆಯಿಟ್ಟಿದ್ದರು. "ಸಾಕಾಯ್ತು ತಂಗಿ. ಮಾರಿದ್ರ ಮಾರಲಿ" ಎಂದರು.

ಅತ್ತೆ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

"ರೊಟ್ಟಿ ಅಂದಮ್ಯಾಲ ಓಡ್ತದವಾ. ಓಡದಿದ್ರ ಅದು ರೊಟ್ಟಿ ಆಗಂಗಿಲ್ಲ, ದಪ್ಪನ ಬಿಲ್ಲಿ ಆಗ್ತದ. ಒಳಕಲ್ಲಿಗೆ ಇಬ್ಬರು ನಿಂತ್ರ ಯಾವಾಕಿ ಓಡ್ತಾಳ? ಓಡಿದ್ರ ಒನಕಿಗೆ ಒನಕಿ ಬಡದು ಹಲ್ಲು ಉದುರ್ತಾವ. ನವಣಿ ಬಂದಾವ, ಹ್ಯಾಂಗೂ ಕುಟ್ಟಬೇಕು. ಏಳಬೇ, ಸೆರಗು ಕಟ್ಟು."

ಅಂದು ಶುರುವಾಯಿತು. ಒಂದು ಒನಕೆ ನನ್ನದು, ಒಂದು ಅತ್ತೆಯದು. ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕು. ನನ್ನ ಕೈ ಸ್ವಲ್ಪ ಅವಸರ ಮಾಡಿದರೂ ಅತ್ತೆಯ ಒನಕೆ ತಾಗುತ್ತಿತ್ತು, ಮರುಗಳಿಗೆ ಅವರ ನಾಲಿಗೆಯೂ ತಾಗುತ್ತಿತ್ತು. "ಯಾರ ಮದುವಿಗೆ ಹೊಂಟೀದಿ?" ಗೋಡೆಯಾಚೆ ಅಕ್ಕೋರ ಬೆರಳು. ಮೊದಮೊದಲು ಅವರು ಓಡಿಹೋಗಿ, ನಮ್ಮ ಪೆಟ್ಟಿಗಾಗಿ ಕಾಯುತ್ತ ನಿಂತುಬಿಡುತ್ತಿದ್ದರು. ಮತ್ತೆ ಮೊದಲಿನಿಂದ. ನಮ್ಮ ನವಣೆ ಮುಗಿಯಿತು. ಅತ್ತೆ ಓಣಿಯವರ ನವಣೆಯನ್ನು ಕೇಳಿ ತಂದರು. ದೇವದುರ್ಗದಲ್ಲಿ ಪುಕ್ಕಟೆ ಕುಟ್ಟಿಕೊಡುವ ಮನೆ ನಮ್ಮದೊಂದೇ ಎಂದು ಜನ ಆಡಿಕೊಂಡರು. ಅದೂ ಮುಗಿದ ಮೇಲೆ ಬರೀ ಹೊಟ್ಟನ್ನು ಹಾಕಿಕೊಂಡು ಕುಟ್ಟಿದೆವು. "ಹೊಟ್ಟು ಕುಟ್ಟೋದು ಅಂದ್ರ ಇದೇ ನೋಡವಾ" ಎಂದು ಅತ್ತೆ ನಗುತ್ತಿದ್ದರು. ನಗುವಾಗಲೂ ಪೆಟ್ಟು ತಪ್ಪುತ್ತಿರಲಿಲ್ಲ.

ಆ ದಿನಗಳ ದಣಿವನ್ನು ಹೇಗೆ ಹೇಳಲಿ… ಅಂಗೈಯಲ್ಲಿ ಬೊಬ್ಬೆ. ನಿಮ್ಮಪ್ಪ ತೊಟ್ಟಿಲಲ್ಲಿ ಅತ್ತರೆ ಎತ್ತಿಕೊಳ್ಳಲು ತೋಳು ಏಳುತ್ತಿರಲಿಲ್ಲ. ಅಕ್ಕೋರ ಉಗುರ ಬುಡದಲ್ಲಿ ರಕ್ತ ಒಸರುತ್ತಿತ್ತು. ಅತ್ತೆ ಔಡಲೆಣ್ಣೆಯ ಬಟ್ಟಲನ್ನು ಬಿಸಿ ಮಾಡಿ ಹೊಸ್ತಿಲ ಮೇಲಿಟ್ಟು ಬರುತ್ತಿದ್ದರು. ಅವರು ಆಚೆಯಿಂದ ಎತ್ತಿಕೊಳ್ಳುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಅವರು ರಾಯಚೂರಿಗೆ ಹೋಗಿ ರೈಲು ಹತ್ತಿದರು. ಮರಳಿ ಬಂದಾಗ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. "ಓಡಲಿಲ್ಲ ತಂಗಿ. ಎಲ್ಲೂ ನಿಲ್ಲಲೂ ಇಲ್ಲ" ಎಂದಷ್ಟೇ ಹೇಳಿ ಮಲಗಿದವರು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಅತ್ತೆ ಎರಡು ಸಲ ಹೋಗಿ ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಬಂದರು. ಆಗ ಅತ್ತೆಯೇ ಆ ಕೋಣೆಯ ಹೊಸ್ತಿಲು ದಾಟಿದ್ದರು ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಪಾಸಾದರು. ಸಂಕ್ರಾಂತಿಗೆ ಮೊದಲೇ ರಾಯಚೂರಿನ ಕೆಲಸಕ್ಕೆ ಸೇರಿದರು. ಹೋಗುವ ದಿನ, "ಒಮ್ಮಿ ಬಾ, ಪೀಸು ಕೇಳಿಸ್ತೀನಿ. ಇಷ್ಟು ಕುಟ್ಟಿದಾಕಿ ನೀ ಕೇಳದಿದ್ರ ಹ್ಯಾಂಗ?" ಎಂದರು. ಬರುತ್ತೇನೆ ಎಂದೆ.

ಹೋಗಲು ವರ್ಷಗಳೇ ಹಿಡಿದವು. ಮನೆ, ಕುರಿ, ಅತ್ತೆಯ ಕಾಯಿಲೆ… ನಿಮ್ಮಪ್ಪ ಶಾಲೆಗೆ ಹೋಗುವಂತಾದ ಮೇಲೆ ಅವನ ಕಣ್ಣು ತೋರಿಸಲು ರಾಯಚೂರಿಗೆ ಹೋದೆವು. ನಿಮ್ಮ ಅಜ್ಜ ಹತ್ತಿ ಅರಳೆಯ ವ್ಯಾಪಾರದವರೊಡನೆ ಮಾತಾಡುತ್ತ ಹೊರಗೆ ನಿಂತರು, ನಾನು ಧೈರ್ಯ ಮಾಡಿ ಶಾಲೆಯೊಳಗೆ ಹೋದೆ. ಅಕ್ಕೋರು ಬಡಕಲಾಗಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡರು. ಪಿಯಾನೊವನ್ನು ನೋಡಿದೆ. ನಾನು ದೊಡ್ಡ ಹಾರ್ಮೋನಿಯಂ ಇರಬಹುದು ಎಂದುಕೊಂಡಿದ್ದೆ. ಅದು ಗೋಡೆಗೆ ನಿಲ್ಲಿಸಿದ ಬೀರುವಿನಂತಿತ್ತು. ನಿಮ್ಮಪ್ಪ ಒಂದು ಮನೆ ಒತ್ತಿ, ಅದು ಕೂಗಿದ್ದಕ್ಕೆ ಹೆದರಿ ನನ್ನ ಸೆರಗು ಹಿಡಿದ.

"ಆ ಪೀಸು ಬಾರಸ್ರಿ ಅಕ್ಕೋರೆ" ಎಂದೆ.

ಕುಳಿತರು. ಎರಡು ಕೈ ಇಟ್ಟರು. ನೀರು ಸುರಿದಂತೆ ಸ್ವಲ್ಪ ಬಂತು, ತಡವರಿಸಿತು, ನಿಂತಿತು. ಮತ್ತೆ ಹಿಡಿದರು. ಮತ್ತೆ ಅಲ್ಲಿಯೇ ನಿಂತಿತು. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಹೋಗ್ಯದ ತಂಗಿ. ಆವತ್ತು ಒಂದಿನ ಬಂದಿತ್ತು. ದಿನಾ ಮಕ್ಕಳಿಗೆ ಸರಳಿ ಹೇಳಿ ಹೇಳಿ, ಮತ್ತ ಅದನ್ನ ತರೋ ಕಸುವು ಉಳಿದಿಲ್ಲ. ಮತ್ತ ಅಷ್ಟು ಯಾರು ಕುಟ್ಟಬೇಕು?"

ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆಯಾಗಿ ಹುಡುಗಿಯರು ಒಳಗೆ ಬಂದರು. ಅಕ್ಕೋರು ಒಂದು ಮಗುವಿನ ಬೆರಳು ಹಿಡಿದು ಮೊದಲ ಪಾಠ ಹೇಳಿಕೊಡುವುದನ್ನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ ಬಂದೆ. ತಮ್ಮ ಕೋಣೆಯಲ್ಲಿ ಅವರು ಇದ್ದರು. ಅದೇ ಅವರಿಗೆ ಬೇಕಾಗಿದ್ದದ್ದು.

ಮತ್ತೆ ಭೇಟಿಯಾಗಲಿಲ್ಲ. ಕಾಮಾಲೆಯಾಗಿ ತೀರಿಕೊಂಡರೆಂದು ನಮ್ಮ ಶಾಲೆಯ ಹೆಡ್‌ಮಾಸ್ತರರು ಬಹಳ ದಿನಗಳ ಮೇಲೆ ಹೇಳಿದರು. ಹಾಸಿಗೆಯಲ್ಲಿದ್ದ ಅತ್ತೆ ಗೋಡೆಯ ಕಡೆ ಹೊರಳಿ, "ನಮ್ಮನ್ಯಾಗ ಒಂದು ತುತ್ತು ಒಳಗ ಕುಂತು ಉಣಲಿಲ್ಲಲ್ಲಬೇ ಆ ಹುಡುಗಿ" ಎಂದರು.

ಈಗ ಅತ್ತೆ ಇಲ್ಲ, ನಿಮ್ಮ ಅಜ್ಜನೂ ಇಲ್ಲ. ಅಕ್ಕೋರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಆ ಪೀಸು ಹೇಗಿತ್ತು ಎಂದು ನೀವು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅದು ನನ್ನ ಕಿವಿಗೆ ಪೂರ್ತಿ ಬೀಳಲೇ ಇಲ್ಲ. ಅದಕ್ಕೆ ಎಷ್ಟು ದಣಿಯಬೇಕಾಯಿತು ಎಂಬುದಷ್ಟೇ ನನಗೆ ಗೊತ್ತು. ಅದನ್ನೇ ಬರೆದಿದ್ದೇನೆ. ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಇಡಿ, ಮಕ್ಕಳೇ. ಓದದಿದ್ದರೂ ಚಿಂತೆಯಿಲ್ಲ, ರದ್ದಿಗೆ ಮಾತ್ರ ಹಾಕಬೇಡಿ.